ಕ್ಯೋಟೋದ ಆರನೆಯ ಬಟ್ಟಲು

2023ರ ನವೆಂಬರ್‌ನಲ್ಲಿ ನಾನು ಗಂಗಾವತಿಯ ಒಂದು ಪ್ರವಾಸ ಸಂಸ್ಥೆಯಲ್ಲಿ ಸೀನಿಯರ್ ಟೂರ್ ಮ್ಯಾನೇಜರ್ ಆಗಿದ್ದೆ. ನಿವೃತ್ತಿಗೆ ಇನ್ನೂ ಎರಡು ವರ್ಷವಿತ್ತು. ಹುದ್ದೆಯ ಹೆಸರು ಕೇಳಲು ದೊಡ್ಡದು. ಕೆಲಸ ಮಾತ್ರ ಮೂವತ್ತು ವರ್ಷದಿಂದ ಒಂದೇ. ಜನರನ್ನು ಎಣಿಸಿ ಬಸ್ಸಿಗೆ ಹತ್ತಿಸುವುದು, ಇಳಿಸಿದ ಮೇಲೆ ಮತ್ತೆ ಎಣಿಸುವುದು. ನಾನು ಕುಕನೂರಿನವನು. ಕಾಶಿ, ರಾಮೇಶ್ವರದ ಯಾತ್ರಾ ಬಸ್ಸುಗಳಲ್ಲಿ ಕೆಲಸ ಕಲಿತವನು. ಆ ಬಸ್ಸುಗಳ ಹಿಂಬದಿಯಲ್ಲಿ ನಮ್ಮದೇ ಅಡುಗೆಯವರು, ನಮ್ಮದೇ ಗ್ಯಾಸ್ ಒಲೆ, ಜೋಳದ ಹಿಟ್ಟು, ಬೇಳೆ, ಕೊನೆಗೆ ರೊಟ್ಟಿ ಹಂಚೂ ಇರುತ್ತಿತ್ತು. ಬಸ್ಸು ಹರಿದ್ವಾರದಲ್ಲಿ ನಿಂತಿದ್ದರೂ ಊಟ ನಮ್ಮ ಯಲಬುರ್ಗಾ ಕಡೆಯದ್ದೇ. ಹಾಗಾಗಿ ಯಾತ್ರಿಕರ ತಾಟಿಗೆ ಏನು ಬರುತ್ತದೆ ಎಂದು ನಾನು ತಲೆ ಕೆಡಿಸಿಕೊಂಡವನೇ ಅಲ್ಲ.

ಜಪಾನ್ ಪ್ರವಾಸ ನಮ್ಮ ಮಾಲೀಕರ ಆಸೆ. ಗಂಗಾವತಿಯ ರೈಸ್ ಮಿಲ್ ಮಾಲೀಕರು ದುಬೈ ನೋಡಿಯಾಗಿತ್ತು, ಸ್ವಿಟ್ಜರ್ಲೆಂಡಿನ ಹಿಮದಲ್ಲಿ ಫೋಟೋ ತೆಗೆಸಿಕೊಂಡೂ ಆಗಿತ್ತು. ಅವರಿಗೆ ಹೊಸದೊಂದು ಬೇಕಿತ್ತು. ಒಂಬತ್ತು ದಿನ, ಹನ್ನೆರಡು ಜನ. ಟೋಕಿಯೋ, ಬೆಟ್ಟದೂರಾದ ಹಾಕೋನೆ, ಕ್ಯೋಟೋ, ಒಸಾಕಾ. ಚಹಾ ಕುಡಿಸುವ ವಿಧಿ, ಹಳೆಯ ದೇವಾಲಯಗಳು, ರಯೋಕಾನ್ ಎಂಬ ಸಾಂಪ್ರದಾಯಿಕ ಅತಿಥಿಗೃಹಗಳಲ್ಲಿ ವಾಸ, ಅಲ್ಲಿ ಕೈಸೆಕಿ ಊಟ. ಕೈಸೆಕಿ ಎಂದರೆ ಹತ್ತು ಹನ್ನೆರಡು ಪುಟ್ಟ ಬಟ್ಟಲುಗಳಲ್ಲಿ ಒಂದಾದ ಮೇಲೊಂದರಂತೆ ಬರುವ ಊಟ. ಲಕ್ಸುರಿ ಟೂರ್ ಎಂದ ಮೇಲೆ ಅಡುಗೆಯವರನ್ನು ಕಟ್ಟಿಕೊಂಡು ಹೋಗುವಂತಿಲ್ಲ, ಮರ್ಯಾದೆ ಪ್ರಶ್ನೆ. ಆದರೂ ಹನ್ನೆರಡೂ ಸೂಟ್‌ಕೇಸುಗಳಲ್ಲಿ ಶೇಂಗಾ ಚಟ್ನಿ ಇತ್ತೆಂಬುದು ನನಗೆ ಗೊತ್ತು.

ಹನ್ನೆರಡು ಜನರಲ್ಲಿ ಕುಷ್ಟಗಿಯ ತಾಯಿ ಮಗ ಇಬ್ಬರಿದ್ದರು. ಮಗ ವೀರೇಶ ತರಕಾರಿ ಬೀಜದ ವ್ಯಾಪಾರಸ್ಥ. ತಾಯಿ ಗೌರಮ್ಮನವರಿಗೆ ಎಪ್ಪತ್ತು ವರ್ಷ. ಲಿಂಗದೀಕ್ಷೆ ಆದವರು, ದಿನವೂ ಲಿಂಗಪೂಜೆ ಮುಗಿಸದೆ ಒಂದು ತುತ್ತು ಬಾಯಿಗೆ ಹಾಕುವವರಲ್ಲ. ಮೊಟ್ಟೆ ಬೇಯಿಸುವ ಹೋಟೆಲಿನಲ್ಲಿ ಚಹಾ ಸಹ ಮುಟ್ಟುವುದಿಲ್ಲ ಎಂದು ಮಗ ಹೇಳಿದ್ದ. ಇಂಥವರಿಗೆ ಜಪಾನ್ ಯಾಕೆ ಬೇಕು ಎಂದು ನಾನೇ ಒಳಗೊಳಗೆ ಗೊಣಗಿಕೊಂಡಿದ್ದೆ. ಆದರೆ ಗೌರಮ್ಮ ಕುಷ್ಟಗಿಯ ಸುತ್ತ ಹೆಸರಾದ ಕೈರುಚಿಯವರು. ಬೇರೆ ಜನ ಹೇಗೆ ಅಡುಗೆ ಮಾಡುತ್ತಾರೆ, ಹೇಗೆ ಬಡಿಸುತ್ತಾರೆ ಎಂದು ನೋಡುವ ಆಸೆ ಅವರಿಗೆ ಚಿಕ್ಕಂದಿನಿಂದ ಇತ್ತು, ಆಚಾರದ ಕಾರಣಕ್ಕೆ ಎಲ್ಲಿಗೂ ಹೋಗಿರಲಿಲ್ಲ. ಅವರನ್ನು ಒಪ್ಪಿಸಲು ವೀರೇಶ ನನ್ನನ್ನು ಮನೆಗೆ ಕರೆಸಿದ. ಪಡಸಾಲೆಯಲ್ಲಿ ಕೂತು, ಮಜ್ಜಿಗೆ ಕೊಟ್ಟು, ಅವರು ನನಗೆ ಕೇಳಿದ್ದು ಒಂದೇ ಪ್ರಶ್ನೆ.

“ತಮ್ಮಾ, ಅಲ್ಲಿ ನನ್ನ ಬಾಯಿಗೆ ಏನು ಬೀಳತೈತಿ ಅನ್ನೂದು ನಿನಗ ಗೊತ್ತಿರತೈತೇನು?”

“ಗೊತ್ತಿರತೈತ್ರಿ ಅವ್ವಾರ. ಅದು ನನ್ನ ಜವಾಬ್ದಾರಿ,” ಎಂದೆ. ಎಲ್ಲರಿಗೂ ಹೇಳುವ ಮಾತನ್ನೇ ಅವರಿಗೂ ಹೇಳಿದ್ದೆ. ಅವರು ಮಾತ್ರ ಅದನ್ನು ನಂಬಿ, ಈ ಪ್ರವಾಸದ ಮಟ್ಟಿಗೆ ಬೇರೆ ಪಾತ್ರೆಯಲ್ಲಿ ಮಾಡಿದ ಅಡುಗೆಯಾದರೆ ಸಾಕೆಂದು ಒಪ್ಪಿ, ಪಾಸ್‌ಪೋರ್ಟ್ ಅರ್ಜಿಗೆ ಸಹಿ ಹಾಕಿದರು.

ಪ್ರತಿ ವಿದೇಶ ಪ್ರವಾಸಕ್ಕೂ ಮೊದಲು ಡಯಟರಿ ಫಾರ್ಮ್ ಒಂದನ್ನು ಅಲ್ಲಿನ ಏಜೆಂಟರಿಗೆ ಕಳಿಸುತ್ತೇವೆ. ಯಾರು ಏನು ತಿನ್ನುವುದಿಲ್ಲ ಎಂಬ ಪಟ್ಟಿ ಅದು. ಹನ್ನೆರಡರಲ್ಲಿ ಏಳು ಜನ ಸಸ್ಯಾಹಾರಿಗಳು. ಅವರ ಹೆಸರಿನ ಮುಂದೆ ಮಾಂಸ ಬೇಡ, ಮೀನು ಬೇಡ, ಮೊಟ್ಟೆ ಬೇಡ, ಸಮುದ್ರದ ಯಾವ ಪ್ರಾಣಿಯೂ ಬೇಡ ಎಂದು ನಾನೇ ಕೂತು ಬರೆದೆ. ಗೌರಮ್ಮನವರ ಹೆಸರಿನ ಮುಂದೆ ‘ಅತಿ ಕಟ್ಟುನಿಟ್ಟು’ ಎಂದು ಸೇರಿಸಿ ಕೆಳಗೆ ಗೆರೆಯನ್ನೂ ಎಳೆದೆ. ಒಪ್ಪಿಗೆಯ ಉತ್ತರ ಎರಡೇ ದಿನಕ್ಕೆ ಬಂತು.

ಟೋಕಿಯೋದಲ್ಲಿ ನಮಗೆ ಸಿಕ್ಕ ಗೈಡ್ ನವೋಕೋ, ಐವತ್ತು ದಾಟಿದ ಹೆಣ್ಣುಮಗಳು. ಇಂಗ್ಲಿಷ್ ಚೆನ್ನಾಗಿ ಬರುತ್ತಿತ್ತು. ಆಕೆ ಇಂಗ್ಲಿಷಿನಲ್ಲಿ ಹೇಳಿದ್ದನ್ನು ನಾನು ಕನ್ನಡದಲ್ಲಿ ಹೇಳುವುದು, ನಮ್ಮವರು ಕೇಳಿದ್ದನ್ನು ಆಕೆಗೆ ಮುಟ್ಟಿಸುವುದು ಎಂದು ವ್ಯವಸ್ಥೆ ಮಾಡಿಕೊಂಡೆವು. ಮೊದಲ ನಾಲ್ಕು ದಿನ ನನ್ನ ವೃತ್ತಿಯಲ್ಲೇ ಸುಲಭದ ದಿನಗಳು. ರೈಲು ಹೇಳಿದ ನಿಮಿಷಕ್ಕೆ ಬರುತ್ತಿತ್ತು. ನಮ್ಮವರೇ ಒಬ್ಬರಲ್ಲ ಒಬ್ಬರು ಪ್ಲಾಟ್‌ಫಾರ್ಮಿನಲ್ಲಿ ಸೆಲ್ಫಿಗೆ ನಿಂತುಬಿಡುತ್ತಿದ್ದರು. ಮಿಲ್ ಮಾಲೀಕರು ಹಾಕೋನೆಯ ಬಿಸಿನೀರಿನ ಬುಗ್ಗೆಯಲ್ಲಿ ಕುಳಿತು ಭತ್ತದ ದರ ಮಾತಾಡುತ್ತಿದ್ದರು.

ಗೌರಮ್ಮನವರದು ಬೇರೆಯೇ ಪ್ರವಾಸ. ಬೆಳಗಿನ ಪೂಜೆ ಮುಗಿಸಿ, ಇಷ್ಟಲಿಂಗವನ್ನು ಕೊರಳಲ್ಲಿ ಸರಿಪಡಿಸಿಕೊಂಡು, ಅಡುಗೆ ಮನೆ ಎಲ್ಲಿದೆ ಎಂದು ನೋಡಲು ಹೊರಟುಬಿಡುತ್ತಿದ್ದರು. ಉಳಿದವರು ಚಮಚ ಕೇಳುವಾಗ ಅವರು ಎರಡನೇ ದಿನಕ್ಕೇ ಕಡ್ಡಿ ಹಿಡಿದು ಉಣ್ಣಲು ಕಲಿತರು. ಬಟ್ಟಲು ಬಂದ ಕೂಡಲೇ ಬಾಯಿಗಿಡದೆ ಅದನ್ನು ತಿರುಗಿಸಿ ನೋಡಿ, ಮೂಸಿ, ಆಮೇಲೆ ತಿನ್ನುತ್ತಿದ್ದರು. ಜಪಾನಿ ಊಟ ಇದ್ದಾಗೆಲ್ಲ ಜೊತೆಗೆ ಒಂದು ತಿಳಿಸಾರು ಬರುತ್ತಿತ್ತು. ಅದರ ಮೇಲೆ ಅವರಿಗೆ ಮೊದಲ ದಿನದಿಂದಲೇ ಮನಸ್ಸು ನಿಂತಿತ್ತು.

ನಾಲ್ಕನೇ ದಿನ ಸಂಜೆ ಆರೂವರೆಗೆ ಕ್ಯೋಟೋದ ರಯೋಕಾನಿನಲ್ಲಿ ಊಟಕ್ಕೆ ಕೂತೆವು. ಗೌರಮ್ಮ ಸಾರನ್ನು ಕೊನೆಯ ಹನಿಯವರೆಗೆ ಕುಡಿದು, ಖಾಲಿ ಬಟ್ಟಲನ್ನು ನನ್ನ ಕಡೆ ಓರೆ ಮಾಡಿ ತೋರಿಸಿದರು.

“ಇದರಾಗ ಕಣ್ಣಿಗೆ ಕಾಣೂದು ಒಂದು ಎಲಿ, ಒಂದು ತುಂಡು ತೋಫು. ಇಷ್ಟು ರುಚಿ ನೀರಿಗೆ ಹೆಂಗ ಬಂತು? ಕೇಳಿ ಹೇಳು ತಮ್ಮಾ, ಊರಿಗೆ ಹೋಗಿ ನಾನೂ ಮಾಡ್ತೀನಿ.”

ನಾನು ನವೋಕೋಗೆ ಹೇಳಿದೆ. ಆಕೆ ಖುಷಿಯಿಂದಲೇ ಅಡುಗೆ ಮನೆಗೆ ಹೋದಳು. ತಿರುಗಿ ಬಂದಾಗ ಮುಖದಲ್ಲಿ ನಗೆ ಇರಲಿಲ್ಲ. ನನ್ನನ್ನು ಕಾರಿಡಾರಿಗೆ ಕರೆದು ವಿಷಯ ತಿಳಿಸಿದಳು. ಆ ಸಾರಿನ ಮೂಲ ದಾಶಿ ಎಂಬ ನೀರು. ಸಮುದ್ರದ ಪಾಚಿಯನ್ನು ನೆನೆಸಿ, ಅದಕ್ಕೆ ಹೊಗೆಯಲ್ಲಿ ಒಣಗಿಸಿದ ಮೀನಿನ ಹೆರೆದ ಪದರುಗಳನ್ನು ಹಾಕಿ, ಸೋಸಿ ತೆಗೆಯುವ ನೀರು. ನಾವು ಕಳಿಸಿದ ಪಟ್ಟಿ ನೋಡಿ ಅವರು ತಟ್ಟೆಯಿಂದ ಮೀನಿನ ಪ್ರತಿ ತುಂಡನ್ನೂ ತೆಗೆದಿದ್ದರು. ದಾಶಿಯನ್ನು ಯಾರೂ ಮೀನು ಎಂದು ಎಣಿಸಿರಲಿಲ್ಲ. ನವೋಕೋ ತಲೆ ತಗ್ಗಿಸಿ, ತಾನು ಮೊದಲೇ ವಿಚಾರಿಸಬೇಕಿತ್ತು ಎಂದು ಕ್ಷಮೆ ಕೇಳಿದಳು. ನಾನು ಮನಸ್ಸಿನಲ್ಲೇ ಎಣಿಸಿದೆ. ಟೋಕಿಯೋದಲ್ಲಿ ಎರಡು ಸಲ, ಹಾಕೋನೆಯಲ್ಲಿ ಎರಡು, ಈಗಿನದು ಒಂದು. ಐದು ಬಟ್ಟಲು.

ಪಟ್ಟಿ ಬರೆದವನು ನಾನು. ತಾಟಿನ ಮೇಲೆ ಏನು ಕಾಣಬಾರದು ಎಂಬುದನ್ನಷ್ಟೇ ಬರೆದಿದ್ದೆ. ನಮ್ಮ ಕಡೆ ಅಡುಗೆಗೆ ಇಡುವ ನೀರು ಬರೀ ನೀರೇ. ಅದನ್ನೂ ವಿಚಾರಿಸಬೇಕಾಗುತ್ತದೆ ಎಂದು ಮೂವತ್ತು ವರ್ಷದಲ್ಲಿ ನನಗೆ ಹೊಳೆದಿರಲಿಲ್ಲ.

ನವೋಕೋ ಆಗಲೇ ಒಳಗೆ ಹೋಗಿ ಹೇಳಿಬಿಡೋಣ ಎಂದಳು. ನಾನು ತಡೆದೆ. ಇನ್ನೂ ಐದು ದಿನದ ಪ್ರವಾಸವಿದೆ, ಗೌರಮ್ಮನವರಿಗೆ ವಯಸ್ಸಾಗಿದೆ, ಎದೆ ಒಡೆದುಕೊಂಡು ಊಟ ಬಿಟ್ಟರೆ ಏನು ಗತಿ ಎಂದೆಲ್ಲ ವಾದಿಸಿದೆ. ನಿಜ ಹೇಳಬೇಕೆಂದರೆ ನನಗೆ ಅವರ ಚಿಂತೆಗಿಂತ ಗಂಗಾವತಿಯಲ್ಲಿ ಎದ್ದೇಳುವ ಗದ್ದಲದ ಚಿಂತೆಯೇ ಹೆಚ್ಚಾಗಿತ್ತು. ಗೌರಮ್ಮನವರಿಗೆ, ಬಾಣಸಿಗ ಕೆಲಸದಲ್ಲಿದ್ದಾನೆ, ನಾಳೆ ಹೇಳುತ್ತಾನಂತೆ ಎಂದು ತಿಳಿಸಿದೆ.

ಆಮೇಲೆ ನವೋಕೋಳನ್ನು ಕರೆದುಕೊಂಡು ಅಡುಗೆ ಮನೆಗೆ ಹೋದೆ. ಮುಖ್ಯ ಬಾಣಸಿಗ ಸೊಂಟದವರೆಗೆ ಬಾಗಿ ಕ್ಷಮೆ ಕೇಳಿದ. ಮರುದಿನ ಮಧ್ಯಾಹ್ನದಿಂದ ಏಳು ಜನಕ್ಕೂ ಪಾಚಿ ಮತ್ತು ಒಣ ಅಣಬೆಯ ನೀರಿನಲ್ಲೇ ಅಡುಗೆ ಮಾಡಿಸುವುದಾಗಿ ಒಪ್ಪಿಕೊಂಡ, ಒಸಾಕಾದವರಿಗೂ ತಿಳಿಸುತ್ತೇನೆ ಎಂದ. ಬೆಳಗಿನ ನಾಷ್ಟಾದ ಸಾರಿಗೆ ಮಾತ್ರ ನೀರು ಆಗಲೇ ಸಿದ್ಧವಾಗಿತ್ತು, ಆ ಏಳು ಬಟ್ಟಲುಗಳನ್ನು ತೆಗೆದುಬಿಡುತ್ತೇನೆ ಎಂದ. ನಾನು ಬೇಡ ಎಂದೆ. ಏಳು ಜನಕ್ಕೆ ಮಾತ್ರ ಸಾರು ಇಲ್ಲದಿದ್ದರೆ ಯಾಕೆ ಎಂಬ ಪ್ರಶ್ನೆ ಏಳುತ್ತದೆ, ಹೇಗೂ ಐದು ಸಲ ಆಗಿದೆ, ಎಂದಿನಂತೆ ಬಡಿಸಿಬಿಡಿ ಎಂದೆ. ನವೋಕೋ ಅದನ್ನು ಜಪಾನಿಯಲ್ಲಿ ಹೇಳಲು ಸ್ವಲ್ಪ ಹೊತ್ತು ತೆಗೆದುಕೊಂಡಳು.

ಬೆಳಗ್ಗೆ ಗೌರಮ್ಮ ಪೂಜೆ ಮುಗಿಸಿ ಬಂದು ನನ್ನ ಎದುರಿಗೇ ಕೂತರು. ಎರಡೂ ಕೈಯಲ್ಲಿ ಬಟ್ಟಲು ಎತ್ತಿ ಸಾರು ಕುಡಿದರು. ನಾನು ಅನ್ನದ ಕಡೆ ನೋಡುತ್ತ ಕೂತಿದ್ದೆ. ಕುಡಿದು ಮುಗಿಸಿ, ಬಾಣಸಿಗ ಹೇಳಿದನೇನು ಎಂದು ಮತ್ತೆ ಕೇಳಿದರು. ಇನ್ನೂ ಇಲ್ಲ ಎಂದೆ. ಎದ್ದು ಹೊರಗೆ ಬಂದಾಗ ನವೋಕೋ ಬಾಗಿಲಲ್ಲೇ ನಿಂತಿದ್ದಳು. ಹನ್ನೊಂದಕ್ಕೆ ಬಸ್ಸು ಹೊರಡುವ ಮೊದಲು ನಾನು ಹೇಳದಿದ್ದರೆ, ಅವರ ಮಗನಿಗೆ ತಾನೇ ಇಂಗ್ಲಿಷಿನಲ್ಲಿ ಹೇಳುವುದಾಗಿ ತಿಳಿಸಿದಳು. ದನಿ ಏರಿಸಲಿಲ್ಲ. ನನಗೆ ಸಿಟ್ಟು ನೆತ್ತಿಗೇರಿತು, ನಾಚಿಕೆಯೂ ಆಯಿತು.

ಹೇಳದೆ ಗತ್ಯಂತರವಿರಲಿಲ್ಲ. ಗೌರಮ್ಮ ತೋಟದ ಕಟ್ಟಿಗೆಯ ಬೆಂಚಿನ ಮೇಲೆ ಕೂತು ಕೆಂಪಾದ ಮರಗಳನ್ನು ನೋಡುತ್ತಿದ್ದರು. ವೀರೇಶನೂ ಪಕ್ಕದಲ್ಲಿದ್ದ. ಸುತ್ತುಬಳಸದೆ ಹೇಳಿಬಿಟ್ಟೆ.

“ಅವ್ವಾರ, ಒಂದು ತಪ್ಪಾಗೈತ್ರಿ. ಆ ಸಾರಿನ ನೀರು ಮೀನು ಹಾಕಿ ತಗದದ್ದಂತ್ರಿ.”

ಅವರ ಕೈ ಸೀದಾ ಎದೆಯ ಮೇಲಿನ ಲಿಂಗಕ್ಕೆ ಹೋಯಿತು. ವೀರೇಶ ಏನೋ ಹೇಳಲು ಹೋದ, ಕೈಯೆತ್ತಿ ಸುಮ್ಮನಾಗಿಸಿದರು. ಅಡುಗೆಯವನಿಗೆ ತನ್ನ ಆಚಾರ ಗೊತ್ತಿತ್ತೇ ಎಂದು ಕೇಳಿದರು. ಮೀನು ಬೇಡ ಎಂಬುದು ಗೊತ್ತಿತ್ತು, ನೀರಿನ ವಿಷಯ ನಾನೇ ಬರೆದಿರಲಿಲ್ಲ ಎಂದೆ.

“ನಿಮಗ ಯಾವಾಗ ಗೊತ್ತಾತು?”

ಅಲ್ಲಿಯವರೆಗೆ ನನ್ನನ್ನು ತಮ್ಮಾ, ನೀನು ಎನ್ನುತ್ತಿದ್ದರು. “ನಿನ್ನಿ ಸಂಜಿಕ್ರಿ,” ಎಂದೆ.

“ಮತ್ತ ಇವತ್ತು ಮುಂಜಾನೆ ನಾ ಕುಡಿಯೂ ಮುಂದ ನೀವು ಎದುರಿಗೇ ಕುಂತಿದ್ರಿ.”

ಅವರು ಸೆರಗು ಸರಿಮಾಡಿಕೊಂಡು ಎದ್ದು ನಿಂತರು.

“ಹಿಂದಿನವು ಗೊತ್ತಿಲ್ಲದ ಕುಡದದ್ದು. ಅವನ್ನ ಶಿವ ನೋಡ್ಕೊತಾನ. ಇವತ್ತಿನ ಬಟ್ಲ ನಿಮ್ಮದು.”

ಅಷ್ಟೇ ಹೇಳಿ ಕೋಣೆಗೆ ಹೋದರು. ಮತ್ತೆ ಸ್ನಾನ ಮಾಡಿ ಪೂಜೆಗೆ ಕೂತರು. ಆ ದಿನ ನೀರು ಬಿಟ್ಟು ಏನೂ ಮುಟ್ಟಲಿಲ್ಲ. ವೀರೇಶ ನನ್ನ ಮೇಲೆ ಹರಿಹಾಯ್ದದ್ದು ಬೇರೆ ಕಾರಣಕ್ಕೆ. ಇದನ್ನು ಅವ್ವನಿಗೆ ಹೇಳಲೇಬಾರದಿತ್ತು, ತನಗಷ್ಟೇ ಹೇಳಿದ್ದರೆ ಸಾಕಿತ್ತು ಎಂದ. ಬಸ್ಸಿನಲ್ಲಿ ಎಲ್ಲರಿಗೂ ತಿಳಿಸಿದೆ. ಸಸ್ಯಾಹಾರಿಗಳಲ್ಲಿ ಇಬ್ಬರು ನನ್ನನ್ನು ವಾಚಾಮಗೋಚರವಾಗಿ ಬೈದರು, ಉಳಿದವರು ದೂರದೇಶದಲ್ಲಿ ಇದೆಲ್ಲ ಇದ್ದದ್ದೇ ಎಂದು ಬಿಟ್ಟರು. ಬೈಗುಳ ನನ್ನ ಕೆಲಸದ ಭಾಗ, ಅದು ತಟ್ಟಲಿಲ್ಲ. ಬಟ್ಟಲುಗಳನ್ನು ತೆಗೆಯುತ್ತೇನೆ ಎಂದವನಿಗೆ ಬೇಡ ಎಂದದ್ದು ನಾನೇ ಎಂಬುದನ್ನು ಗೌರಮ್ಮನವರಿಗೆ ಹೇಳಲು ಆ ದಿನವೂ ಧೈರ್ಯವಾಗಲಿಲ್ಲ, ಆಮೇಲೂ ಆಗಲಿಲ್ಲ. ಇಲ್ಲಿಯೇ ಮೊದಲ ಸಲ ಬರೆಯುತ್ತಿದ್ದೇನೆ.

ಮರುದಿನ ಅವರು ಊಟಕ್ಕೆ ಬಂದರು. ಪ್ರವಾಸ ಅರ್ಧಕ್ಕೇ ಬಿಟ್ಟು ಹೋಗುತ್ತೇನೆ ಎನ್ನಲಿಲ್ಲ, ಮುಖ ಗಂಟು ಹಾಕಿಕೊಳ್ಳಲಿಲ್ಲ. ಬಟ್ಟಲು ಬಂದಾಗ ಮೊದಲಿನಂತೆ ತಿರುಗಿಸಿ ನೋಡಿ, ಕೆಳಗಿಟ್ಟು, ನವೋಕೋ ಕಡೆ ತಿರುಗಿದರು. ಆಕೆ ಆಗಲೇ ಅಡುಗೆ ಮನೆಗೆ ಹೋಗಿ ನೋಡಿ ಬಂದಿದ್ದಳು. ಹೌದು ಎಂದು ತಲೆಯಾಡಿಸಿದಳು. ಗೌರಮ್ಮ ಉಂಡರು. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು. ಮುಂದಿನ ದಿನಗಳೆಲ್ಲ ಹೀಗೇ ನಡೆಯಿತು.

ಒಸಾಕಾದ ಕೊನೆಯ ಊಟಕ್ಕೆ ನಾನೇ ಒಂದು ಗಂಟೆ ಮೊದಲು ಹೋಗಿ ಅಡುಗೆ ಮನೆಯಲ್ಲಿ ನಿಂತೆ. ನಲ್ಲಿಯಿಂದ ನೀರು ಹಿಡಿದದ್ದರಿಂದ ಹಿಡಿದು ಸೋಸುವವರೆಗೆ ಕಣ್ಣು ತೆಗೆಯಲಿಲ್ಲ. ಪಾಚಿ, ಅಣಬೆ, ಉಪ್ಪು. ಬಟ್ಟಲು ಬಂದಾಗ ಗೌರಮ್ಮನವರ ಪಕ್ಕ ಹೋಗಿ ಹೇಳಿದೆ.

“ಅವ್ವಾರ, ನಾನ ನಿಂತು ನೋಡೀನ್ರಿ. ನೀರು ಇಟ್ಟಾಗಿಂದ ನೋಡೀನಿ.”

ಅವರು ಸೌಜನ್ಯದಿಂದ ಹೂಂ ಅಂದರು. ಆಮೇಲೆ ನವೋಕೋ ಕಡೆ ನೋಡಿದರು. ಆ ದಿನ ನವೋಕೋ ಅಡುಗೆ ಮನೆಗೆ ಹೋಗಿರಲಿಲ್ಲ, ಏಕೆಂದರೆ ನಾನು ಹೋಗಿದ್ದೆ. ಆಕೆ ನನ್ನನ್ನು ನೋಡಿದಳು, ಗೌರಮ್ಮನವರನ್ನು ನೋಡಿದಳು, ಎದ್ದು ಒಳಗೆ ಹೋದಳು. ನಾನು ಪಕ್ಕದಲ್ಲೇ ನಿಂತಿದ್ದೆ. ಸಾರು ಆರುತ್ತಿತ್ತು. ನವೋಕೋ ಬಂದು ತಲೆಯಾಡಿಸಿದ ಮೇಲೆ ಗೌರಮ್ಮ ಬಟ್ಟಲು ಎತ್ತಿದರು.

ಆ ಮೇಲೆ ನಿವೃತ್ತಿಯವರೆಗೆ ಇನ್ನೂ ಕೆಲವು ವಿದೇಶ ಪ್ರವಾಸ ಮಾಡಿಸಿದೆ. ಡಯಟರಿ ಫಾರ್ಮಿನಲ್ಲಿ ನೀರು, ಎಣ್ಣೆ, ಹುಳಿ ಎಲ್ಲದಕ್ಕೂ ಸಾಲು ಸೇರಿಸಿದೆ. ಆದರೂ ತಪ್ಪುಗಳಾದವು, ಆಗುತ್ತವೆ. ಕೆಲಸ ನನಗೆ ಕಲಿಸಿದ್ದು ಇಷ್ಟು: ತಪ್ಪು ತಿಳಿದ ಮೇಲೆ ಮುಂದಿನ ಊಟ ಬರುವುದರೊಳಗೆ ಹೇಳಿಬಿಡಬೇಕು. ಬೈಸಿಕೊಂಡರೂ ಸರಿ, ಪ್ರವಾಸ ಕೆಟ್ಟರೂ ಸರಿ. ಮೊದಲ ಐದು ಬಟ್ಟಲುಗಳಿಗೆ ಯಾರು ಕೇಳಿದರೂ ನಾನು ಉತ್ತರ ಕೊಡಬಲ್ಲೆ. ಆರನೆಯದನ್ನು ಮಾತ್ರ, ತಿಳಿದೂ ತಿಳಿದೂ ಬಡಿಸಿ ಎಂದವನು ನಾನು.