ನೀರು ಹಾಕಬಾರದ ಯಂತ್ರ

ಅಮೆರಿಕದಿಂದ ಬರುತ್ತಿದ್ದ ಆ ಕಂಪ್ಯೂಟರ್ ಪತ್ರಿಕೆಯ ಜಾಹೀರಾತಿನಲ್ಲಿ ಒಬ್ಬ ಹೆಂಗಸು ಒಲೆಯ ಪಕ್ಕದಲ್ಲೇ ಕಂಪ್ಯೂಟರ್ ಇಟ್ಟುಕೊಂಡು ನಗುತ್ತ ನಿಂತಿರುತ್ತಿದ್ದಳು. ಇನ್ನು ಮುಂದೆ ಅಡುಗೆಯ ವಿಧಾನಗಳನ್ನೆಲ್ಲ ಯಂತ್ರವೇ ನೆನಪಿಟ್ಟುಕೊಳ್ಳುತ್ತದಂತೆ. ಅವಳನ್ನು ಕಂಡರೆ ನನಗೆ ಮೈ ಉರಿಯುತ್ತಿತ್ತು. ನಮ್ಮ ಅತ್ತೆ ಶ್ರಾದ್ಧದ ಅಡುಗೆಗೂ ಅಳತೆಯ ಚಮಚ ಮುಟ್ಟಿದವರಲ್ಲ. ಹುಳಿಗೆ ಉಪ್ಪೆಷ್ಟು ಎಂದು ಕೈಗೆ ಗೊತ್ತಿರಬೇಕು, ಅದನ್ನು ಯಂತ್ರಕ್ಕೆ ಕೇಳುವವಳು ಒಲೆಯ ಮುಂದೆ ನಿಲ್ಲಲೇಬಾರದು ಎನ್ನುವುದು ಆಗ ನನ್ನ ಖಡಾಖಂಡಿತ ಅಭಿಪ್ರಾಯ.

ಇಂಥ ಅಭಿಪ್ರಾಯಗಳು ನನ್ನ ಹತ್ತಿರ ಬೇಕಾದಷ್ಟಿದ್ದವು. ಕಂಪ್ಯೂಟರ್ ಮಾತ್ರ ಕಣ್ಣಾರೆ ಕಂಡವಳಲ್ಲ. ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಚಿತ್ರದುರ್ಗದಲ್ಲಿ ಗಣಿತ ಓದಿ ಬಿ.ಎಸ್ಸಿ. ಮಾಡಿಕೊಂಡು ಹೊಸದುರ್ಗಕ್ಕೆ ಸೊಸೆಯಾಗಿ ಬಂದಿದ್ದೆ. ಗಂಡ ಬೆಳಗಿನಿಂದ ಸಂಜೆಯ ತನಕ ಬಟ್ಟೆ ಅಂಗಡಿಯಲ್ಲಿ. ಮನೆಯಲ್ಲಿ ನಾನು, ಅತ್ತೆ. ನನ್ನ ಅಣ್ಣ ಹಿರಿಯೂರಿನಲ್ಲಿ ಕಾಲುವೆ ಕೆಲಸದ ಎಂಜಿನಿಯರ್. ಅವನ ಮೇಲಿನ ಸಾಹೇಬರಿಗೆ ಯಾರೋ ನೆಂಟರು ಹೊರದೇಶದಿಂದ ಕಳಿಸುತ್ತಿದ್ದ ಈ ಪತ್ರಿಕೆಗಳು, ಸಾಹೇಬರು ಓದಿ, ಅಣ್ಣ ಓದಿದಂತೆ ಮಾಡಿ, ಕೊನೆಗೆ ನನ್ನ ಕೈ ಸೇರುತ್ತಿದ್ದವು.

ಓದುತ್ತ ಓದುತ್ತ ನಾನು ಎಲ್ಲದಕ್ಕೂ ತೀರ್ಪು ಕೊಡುತ್ತಿದ್ದೆ. ಶುರುವಾದ ಕೂಡಲೇ ನಿನ್ನ ಹೆಸರೇನು ಎಂದು ಕೇಳುವ ಪ್ರೋಗ್ರಾಂ ಕಂಡರೆ ಆಗುತ್ತಿರಲಿಲ್ಲ. ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತವರು ವಿಚಾರಿಸಿದ ಹಾಗೆ, ಅದಕ್ಕೇನಾಗಬೇಕು ನನ್ನ ಹೆಸರಿನಿಂದ? ಟಿ.ವಿ.ಗೆ ಜೋಡಿಸಬೇಕಾದ ಯಂತ್ರಗಳಂತೂ ನನ್ನ ಮಟ್ಟಿಗೆ ಲೆಕ್ಕಕ್ಕೇ ಇಲ್ಲ, ಏಕೆಂದರೆ ನಮ್ಮೂರಿನಲ್ಲಿ ಟಿ.ವಿ.ಯೇ ಇರಲಿಲ್ಲ. ಪ್ರೋಗ್ರಾಮನ್ನು ಕ್ಯಾಸೆಟ್ಟಿನಲ್ಲಿ ತುಂಬಿಡುವುದು ಮಾತ್ರ ಬಹಳ ಹಿಡಿಸಿತ್ತು. ಸ್ವಿಚ್ ಆರಿಸಿದ ತಕ್ಷಣ ಹೇಳಿಕೊಟ್ಟದ್ದನ್ನೆಲ್ಲ ಮರೆಯುವ ಯಂತ್ರವನ್ನು ಮಾಡಿದವನಿಗೆ ಬುದ್ಧಿ ಇಲ್ಲ ಎಂದೇ ನಂಬಿದ್ದೆ. ಒಂದೇ ಕೆಲಸ ಮಾಡುವ, ಅದನ್ನು ಸರಿಯಾಗಿ ಮಾಡುವ, ಮಾಡಿ ಸುಮ್ಮನಾಗುವ ಸಣ್ಣ ಪ್ರೋಗ್ರಾಂ ನನಗೆ ಇಷ್ಟ. ಈಗಲೂ ಅದೇ ಇಷ್ಟ.

ಪತ್ರಿಕೆಯಲ್ಲಿ ಅಚ್ಚಾದವನ್ನು ನೋಡಿ ನಾನೂ ಪ್ರೋಗ್ರಾಂ ಬರೆಯತೊಡಗಿದೆ. ಅದಕ್ಕೆ ಸಮಯ ಎಲ್ಲಿತ್ತು ಎಂದರೆ, ತಿಂಗಳಿಗೆ ಮೂರು ದಿನ. ನಮ್ಮ ಮನೆಯಲ್ಲಿ ಮುಟ್ಟಾದವಳು ಒಳಗೆ ಬರುವಂತಿಲ್ಲ. ಹಿತ್ತಿಲ ಜಗಲಿಯ ಮೇಲೆ ಒಂದು ಕಂಬಳಿ, ಒಂದು ತಟ್ಟೆ, ಒಂದು ಲೋಟ. ಊಟವನ್ನು ಅತ್ತೆ ಮೇಲಿಂದ ಬಡಿಸುತ್ತಿದ್ದರು. ಬಾಗಿಲ ಹೊಸ್ತಿಲು ಕೈಗೆಟಕುವಷ್ಟು ಹತ್ತಿರ, ಆದರೆ ದಾಟುವಂತಿಲ್ಲ. ಮೊದಮೊದಲು ಅಲ್ಲಿ ಕುಳಿತು ಅತ್ತಿದ್ದೇನೆ. ಆಮೇಲೆ ಒಂದು ವಿಷಯ ಹೊಳೆಯಿತು: ಈ ಮೂರು ದಿನ ಬೀಸುವುದಿಲ್ಲ, ಬೇಯಿಸುವುದಿಲ್ಲ, ಯಾರೂ ಕರೆಯುವುದಿಲ್ಲ. ಹಳೆಯ ಪತ್ರಿಕೆಗೂ ಪೆನ್ಸಿಲಿಗೂ ಮೈಲಿಗೆ ಉಂಟೋ ಇಲ್ಲವೋ ಎಂದು ಅತ್ತೆ ಯೋಚಿಸಿರಲಿಲ್ಲ, ನಾನೂ ಕೇಳುವ ಗೋಜಿಗೆ ಹೋಗಲಿಲ್ಲ. ಕಳೆದ ವರ್ಷದ ಕ್ಯಾಲೆಂಡರ್ ಹಾಳೆಗಳ ಬೆನ್ನಿಗೆ ಪ್ರೋಗ್ರಾಂ ಬರೆಯುತ್ತಿದ್ದೆ. ಉಳಿದ ದಿನಗಳಲ್ಲಿ ಮನೆಯೊಳಗೆ ಬಂದಿ, ಈ ದಿನಗಳಲ್ಲಿ ಮನೆಯ ಹೊರಗೆ ಬಂದಿ. ಆಯ್ಕೆ ಮಾಡು ಎಂದಿದ್ದರೆ ಹೊರಗಿನದನ್ನೇ ಆರಿಸುತ್ತಿದ್ದೆನೇನೋ.

ಹಾಗೆ ಬರೆದವುಗಳಲ್ಲಿ ಒಂದರ ಮೇಲೆ ನನಗೆ ವಿಪರೀತ ಮೋಹ. ಯಾವ ತಾರೀಖು ಕೊಟ್ಟರೂ ಅದು ಯಾವ ವಾರ ಎಂದು ಹೇಳುವ ಪ್ರೋಗ್ರಾಂ ಅದು. ಕಾಗದದ ಮೇಲೆ ನಾನೇ ಯಂತ್ರವಾಗಿ, ಒಂದೊಂದೇ ಸಾಲು ನಡೆಸಿ ನೋಡಿದ್ದೆ, ಸರಿ ಬರುತ್ತಿತ್ತು. ಆದರೆ ಬರೆದವಳೇ ನಡೆಸಿದರೆ ಅದಕ್ಕೆ ಬೆಲೆಯಿಲ್ಲ. ಏನೂ ಗೊತ್ತಿಲ್ಲದ ಒಂದು ಯಂತ್ರ, ನಾನು ಹೇಳಿದಷ್ಟನ್ನೇ ಕೇಳಿ, ಸರಿಯಾದ ವಾರ ಹೇಳಬೇಕು. ಒಮ್ಮೆ ಹಾಗಾದರೆ ಸಾಕು, ನಾನು ಸುಮ್ಮನೆ ಗೀಚುತ್ತ ಕೂತವಳಲ್ಲ ಎಂದು ನನಗೆ ಗೊತ್ತಾಗುತ್ತಿತ್ತು. ಬೇರೆಯವರಿಗೆ ಗೊತ್ತಾಗದಿದ್ದರೂ ಚಿಂತೆಯಿರಲಿಲ್ಲ.

ಆ ವರ್ಷ ಸಾಹೇಬರ ಕೈಗೆ ಪ್ರೋಗ್ರಾಂ ತುಂಬಬಹುದಾದ ಒಂದು ಕ್ಯಾಲ್ಕುಲೇಟರ್ ಬಂತು. ಮನೆ ಕಂಪ್ಯೂಟರಿನ ಪುಟ್ಟ ತಂಗಿ ಎನ್ನಬಹುದು, ಅಂಗೈ ಅಗಲದ್ದು. ಸಾಹೇಬರಿಗೆ ವರ್ಗವಾಗಿತ್ತು, ಹಬ್ಬ ಮುಗಿಸಿ ದೂರದ ಊರಿಗೆ ಹೊರಡುವವರಿದ್ದರು. ಅಣ್ಣ ಬೇಡಿಕೊಂಡು ಒಂದು ದಿನದ ಮಟ್ಟಿಗೆ ಅದನ್ನು ಇಸಿದುಕೊಂಡ. ಗೌರಿ ಹಬ್ಬಕ್ಕೆ ತವರಿನ ಬಾಗಿನದ ಮೊರ ತರುವಾಗ ಅದನ್ನೂ ತರುತ್ತೇನೆ ಎಂದು ಹೇಳಿಕಳಿಸಿದ. ನಾನು ಕ್ಯಾಲೆಂಡರ್ ಹಾಳೆಯನ್ನು ಮತ್ತೆ ಮತ್ತೆ ತಿದ್ದಿ, ಆ ಯಂತ್ರದ ಗುಂಡಿಗಳಿಗೆ ಹೊಂದುವ ಹಾಗೆ ಬರೆದಿಟ್ಟುಕೊಂಡೆ.

ಗೌರಿಯ ಹಿಂದಿನ ದಿನ ಹೊರಗೆ ಕುಳಿತೆ.

ಹಬ್ಬದ ದಿನ ಅಣ್ಣ ಬಂದಾಗ ಒಳಗೆ ಅತ್ತೆಯ ದನಿ ಕೇಳಿತು: "ಬರ್ರಿ, ಬರ್ರಿ, ಕುಂತ್ಕಳ್ರಿ. ನಿಮ್ಮ ತಂಗಿ ಹೊರಗದಾಳೆ. ಮೊರ ಇಲ್ಲಿ ಕೊಡ್ರಿ, ತಲೆಗೆ ನೀರು ಹಾಕ್ಕಂಡ ಮೇಲೆ ತಗಂತಾಳೆ." ಬಾಗಿನ ಕಾಯುತ್ತದೆ. ಯಂತ್ರ ಸಂಜೆಯ ಬಸ್ಸಿಗೆ ವಾಪಸ್ ಹೋಗಬೇಕು.

ಅಣ್ಣ ಹಿತ್ತಿಲ ಬಾಗಿಲಿಗೆ ಬಂದು ಹೊಸ್ತಿಲ ಒಳಗೆ ಮಣೆ ಹಾಕಿಕೊಂಡು ಕುಳಿತ. ಚೀಲದಿಂದ ಅದನ್ನು ತೆಗೆದ. ಕಪ್ಪು ಮೈ, ಪುಟ್ಟ ಪುಟ್ಟ ಗುಂಡಿಗಳು, ಒತ್ತಿದಾಗ ಕೆಂಪಗೆ ಹೊಳೆಯುವ ಅಂಕಿಗಳು. ಹಿಂದೆ ನಿಂತಿದ್ದ ಅತ್ತೆಯನ್ನು ನೋಡಿದೆ.

ಅತ್ತೆ ಕೆಟ್ಟವರಲ್ಲ. "ಮುಟ್ಟಲಿ ಬಿಡ್ರಿ, ಅದಕ್ಕೇನಂತೆ," ಎಂದರು. "ಆಮೇಲೆ ಒಂದು ತಂಬಿಗೆ ನೀರು ಹಾಕಿ ಒಳಗೆ ತಗಂತೀನಿ. ಹಿತ್ತಾಳೆ ಪಾತ್ರೆಗೂ ಅಷ್ಟೆ, ಬಂಗಾರಕ್ಕೂ ಅಷ್ಟೆ."

ಅಣ್ಣ ಯಂತ್ರವನ್ನು ಎದೆಗೆ ಅವುಚಿಕೊಂಡ. "ಇದಕ್ಕೆ ನೀರು ಹಾಕಂಗಿಲ್ಲಮ್ಮ!"

"ನಾಕು ಹನಿ ಚಿಮುಕಿಸಿದ್ರೆ?"

"ಒಂದು ಹನಿ ಒಳಗಿಳಿದ್ರೂ ಮುಗೀತು."

"ನೀರು ಸೋಕಿದ್ರೆ ಸಾಯೋ ಅಂಥದ್ದನ್ನ ಯಾಕ್ರಿ ಮಾಡ್ತಾರೆ?" ಎಂದರು ಅತ್ತೆ. ಅವರು ನಿಜಕ್ಕೂ ತಿಳಿಯದೆ ಕೇಳಿದ್ದು.

ನಾನು ಕುಳಿತಿದ್ದ ಕಂಬಳಿಯನ್ನು ಹಿಡಿದುಕೊಂಡೆ. "ಉಣ್ಣೆಗೆ ಮೈಲಿಗೆ ಇಲ್ವಲ್ಲ ಅತ್ತೆ. ಬೆರಳಿಗೆ ಕಂಬಳಿ ಸುತ್ಕಂಡು ಒತ್ತಿದ್ರೆ?" ಹಾಗಾದರೆ ಅಡ್ಡಿಯಿಲ್ಲ ಎಂದರು ಅತ್ತೆ. ಹೋದ ಜೀವ ಬಂದಂತಾಯಿತು. ಆದರೆ ಅದು ನಮ್ಮ ಕಡೆಯ ಕುರಿಯುಣ್ಣೆಯ ಒರಟು ಕಂಬಳಿ. ಸುತ್ತಿಕೊಂಡ ಬೆರಳನ್ನು ಗುಂಡಿಗಳ ಮೇಲೆ ಹಿಡಿದು ನೋಡಿದೆ, ಒಂದನ್ನು ಒತ್ತಿದರೆ ಸುತ್ತಲಿನ ನಾಲ್ಕು ಒತ್ತಿಹೋಗುತ್ತಿದ್ದವು. ಪೆನ್ಸಿಲಿನಿಂದ ಒತ್ತಲೇ ಎಂದು ಕೇಳಿದ್ದರೆ ಪೆನ್ಸಿಲಿಗೇ ಮೈಲಿಗೆ ಬಂದುಬಿಡುತ್ತಿತ್ತು.

"ಹಂಗೇ ಮುಟ್ಲಿ, ನಾನು ಹಂಗೇ ತಗಂಡು ಹೋಗ್ತೀನಿ, ಊರಿಗೆ ಹೋಗಿ ಸ್ನಾನ ಮಾಡ್ತೀನಿ," ಎಂದ ಅಣ್ಣ.

ಅತ್ತೆ ತಲೆಯಾಡಿಸಿದರು. "ಯಂತ್ರ ಸಾಹೇಬರ ಮನೆಗೆ ಹೋಗಬೇಕಲ್ವ? ಅವರ ಮನೇಲೂ ಗೌರಿ ಕುಂತಿರ್ತಾಳೆ. ಗೊತ್ತಿದ್ದೂ ಗೊತ್ತಿದ್ದೂ ಇನ್ನೊಬ್ಬರ ಮನೆಗೆ ಮೈಲಿಗೆ ಕಳಿಸಾಕಾಗುತ್ತಾ?"

ಕೊನೆಗೆ ನಾನು ಹೇಳುವುದು, ಅಣ್ಣ ಒತ್ತುವುದು ಎಂದಾಯಿತು. ನಾನು ಹಾಳೆ ನೋಡಿಕೊಂಡು ಒಂದೊಂದೇ ಗುಂಡಿಯ ಹೆಸರು ಕೂಗಿದೆ. ಅವನು ಹುಂ, ಹುಂ ಎನ್ನುತ್ತ ಒತ್ತಿದ. ಅವನಿಗೆ ಆತುರ. ನಾನು ಒಂದು ಹೇಳಿ ಮುಗಿಸುವುದರೊಳಗೆ ಮುಂದಿನದಕ್ಕೆ ಬೆರಳು ಎತ್ತುತ್ತಿದ್ದ. ನಡುವೆ ಕಾಯಿ ಹೋಳಿಗೆಯ ತಟ್ಟೆ ಬಂತು, ಎಡಗೈಯಲ್ಲಿ ಒತ್ತುತ್ತ ಬಲಗೈಯಲ್ಲಿ ತಿಂದ. "ಸರಿಯಾಗಿ ನೋಡಿ ಒತ್ತೋ ಅಣ್ಣ" ಎಂದು ಕೂಗಿಕೊಂಡೆ. ನನ್ನ ಬೆರಳುಗಳು ಕಂಬಳಿಯ ಮೇಲೆ ತಾವೇ ಒತ್ತುತ್ತಿದ್ದವು.

ಮುಗಿಯಿತು. ಅವತ್ತಿನ ತಾರೀಖು ಕೊಡಲು ಹೇಳಿದೆ. ಅವತ್ತು ಮಂಗಳವಾರ, ಭಾನುವಾರಕ್ಕೆ ಒಂದು ಎಂದು ಎಣಿಸಿದರೆ ಮೂರು ಬರಬೇಕು. ಯಂತ್ರ ಮಿಣಮಿಣ ಎಂದು ನಿಂತಿತು.

"ಆರು," ಎಂದ ಅಣ್ಣ. "ಶುಕ್ರವಾರ ಅಂತೈತೆ ನಿನ್ನ ಯಂತ್ರ."

"ಎಲ್ಲೋ ತಪ್ಪು ಒತ್ತಿದೀಯ. ಒಳಗೆ ಏನೇನು ತುಂಬೈತೆ ಅಂತ ಒಂದೊಂದೇ ತೋರಿಸು."

"ನಿನ್ನ ಲೆಕ್ಕನೇ ತಪ್ಪಿರಬೇಕು ಕಣೇ. ಬಸ್ಸಿಗೆ ಹೊತ್ತಾಯ್ತು."

"ಒಂದ್ಸಲ ತೋರಿಸೋ, ಕೈ ಮುಗಿತೀನಿ!"

ಅವನು ಗಡಿಯಾರ ನೋಡಿ, ಇನ್ನೊಂದು ಸಲ ಎಂದಾದರೂ ನೋಡೋಣ ಎನ್ನುತ್ತ ಸ್ವಿಚ್ ಆರಿಸಿದ. ನಾನು ಹೇಳಿಕೊಟ್ಟದ್ದೆಲ್ಲ ಆ ಗಳಿಗೆಯಲ್ಲಿ ಅಳಿಸಿಹೋಯಿತು. ಕೈ ಚಾಚಿದ್ದರೆ ಸಿಗುತ್ತಿತ್ತು. ಚಾಚಲಿಲ್ಲ. ತಪ್ಪು ಅವನ ಬೆರಳಿನದೋ ನನ್ನ ಲೆಕ್ಕದ್ದೋ, ಆ ಯಂತ್ರವೊಂದೇ ಹೇಳಬಹುದಾಗಿತ್ತು. ಅದು ಹಿರಿಯೂರಿನ ಬಸ್ಸು ಹತ್ತಿತು.

ದೀಪ ಹಚ್ಚುವ ಹೊತ್ತಿಗೆ ಅತ್ತೆ ಹಬ್ಬದ ಊಟ ತಂದರು. ತಟ್ಟೆಗೆ ಮೇಲಿಂದ ಹೋಳಿಗೆ ಹಾಕಿ, ಅದರ ಮೇಲೆ ಬೇಕಾದ್ದಕ್ಕಿಂತ ಹೆಚ್ಚು ತುಪ್ಪ ಸುರಿದರು. ಹೋಗದೆ ಅಲ್ಲೇ ನಿಂತರು.

"ನೀನೇ ಒತ್ತಿದ್ರೆ ಸರಿ ಬರ್ತಿತ್ತು ಕಣಮ್ಮ," ಎಂದರು.

ನನ್ನ ಪ್ರೋಗ್ರಾಮನ್ನು ನಂಬಿದ ಮೊದಲ ಮನುಷ್ಯರು ಅವರು. ಅದೇ ಧೈರ್ಯದಲ್ಲಿ ಕೇಳಿದೆ: "ಮತ್ತೆ ಯಾವಾಗಾದ್ರೂ ಅಂಥದ್ದು ಬಂದು, ನಾನು ಹಿಂಗೇ ಹೊರಗಿದ್ರೆ, ಮುಟ್ಲಾ ಅತ್ತೆ?"

ಅವರ ಮುಖದಲ್ಲಿ ಸಂಕಟ ಕಂಡಿತು. ನನಗೆ ಹೂಂ ಎನ್ನಬೇಕೆಂದು ಅವರು ಎಷ್ಟು ಹುಡುಕಾಡಿದರು ಎಂಬುದು ಕಾಣುತ್ತಿತ್ತು. "ಹೆಂಗೆ ಮುಟ್ತೀಯ?" ಎಂದರು ಕೊನೆಗೆ. "ಅದಕ್ಕೆ ನೀರು ಹಾಕಂಗಿಲ್ವಲ್ಲ."

ಬೆಳಗಿನಿಂದ ಅವರ ಮೇಲಿನ ಸಿಟ್ಟನ್ನೇ ಹಿಡಿದುಕೊಂಡು ಕುಳಿತಿದ್ದೆ. ನನಗಾಗಿ ಇಷ್ಟು ಹುಡುಕಾಡಿದವರ ಮೇಲೆ ಈಗ ಅದೂ ಉಳಿಯಲಿಲ್ಲ. ಅತ್ತೆ ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡರು.