ಇಂಗ್ಲಿಷ್ ಕಥೆಯಲ್ಲಿ ತೀರಿಕೊಂಡ ತಾಯಿ

ಮಕ್ಕಳಿಂದ ಇಂಗ್ಲಿಷಿನಲ್ಲಿ ಕಥೆ ಬರೆಸುವುದು ನನಗೆ ಚೆನ್ನಾಗಿ ಬರುತ್ತದೆ ಎಂದು ನಾನು ಬಹಳ ವರ್ಷ ನಂಬಿಕೊಂಡಿದ್ದೆ. ನಂಬಿಕೊಂಡು ಸುಮ್ಮನಿರದೆ, ಸ್ಟಾಫ್ ರೂಮಿನಲ್ಲಿ ಚಹಾ ಕುಡಿಯುತ್ತ ನಾಲ್ಕು ಜನರಿಗೆ ಉಪದೇಶವನ್ನೂ ಮಾಡುತ್ತಿದ್ದೆ. ಈಗ ಆ ಉಪದೇಶಗಳು ನೆನಪಾದರೆ ಒಬ್ಬಳೇ ಇದ್ದಾಗಲೂ ಮುಖ ಬಿಸಿಯಾಗುತ್ತದೆ.

ನನ್ನ ಶಾಲೆ ಇರುವುದು ಸಂಕೇಶ್ವರದ ಹತ್ತಿರದ ಒಂದು ಹಳ್ಳಿಯಲ್ಲಿ. ಹುಕ್ಕೇರಿಯ ಮನೆಯಿಂದ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಆರನೇ ಮತ್ತು ಏಳನೇ ತರಗತಿಯ ಇಂಗ್ಲಿಷ್ ನನ್ನದು. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ, ಮೊಬೈಲಿನಲ್ಲಿ ಹಿಂದಿ ಕೇಳಿ ಬೆಳೆಯುವ ನಮ್ಮ ಮಕ್ಕಳಿಗೆ ಇಂಗ್ಲಿಷ್ ಅನ್ನುವುದು ನನ್ನ ಪೀರಿಯಡ್ಡಿನ ಬೆಲ್ಲಿನಿಂದ ಬೆಲ್ಲಿನವರೆಗೆ ಮಾತ್ರ ಇರುವ ಭಾಷೆ. ಅದರಲ್ಲೇ ಅವರು ಕಥೆ ಬರೆಯಬೇಕು. ಅದಕ್ಕೆ ನನ್ನದೊಂದು ಪದ್ಧತಿಯಿತ್ತು. ಬೋರ್ಡಿನ ಮೇಲೆ ನಾಲ್ಕು ಶಬ್ದ ಬರೆಯುವುದು: ಫಸ್ಟ್, ದೆನ್, ಸಡನ್ಲಿ, ಅಟ್ ಲಾಸ್ಟ್. ಒಂದೊಂದರ ಮುಂದೆ ಎರಡೆರಡು ವಾಕ್ಯ ಬರೆದರೆ ಕಥೆಯಾಯಿತು. ಸಡನ್ಲಿ ಬಂದ ಕೂಡಲೇ ಎಲ್ಲರ ನೋಟ್‌ಬುಕ್ಕಿನಲ್ಲೂ ಹಾವು ಬರುತ್ತಿತ್ತು. ಹಾವು ಬೇಡವೆಂದು ಗದರಿಸಿದರೆ ಮಾರನೆಯ ದಿನ ಎಲ್ಲರ ಪಟ್ಟಿಯಲ್ಲೂ ಚೇಳು.

ಆರನೇ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಳು. ತಾಯಿ ಸಂಕೇಶ್ವರದ ಮೆಣಸಿನಕಾಯಿ ವ್ಯಾಪಾರಿಗಳ ಗೋದಾಮಿನಲ್ಲಿ ತೊಟ್ಟು ಮುರಿಯುವ ಕೆಲಸಕ್ಕೆ ಹೋಗುತ್ತಿದ್ದಳು, ತಂದೆ ಊರಲ್ಲೇ ಗೋಡೆ ಕಟ್ಟುವ ಗೌಂಡಿ. ಹುಡುಗಿ ಮಾತು ಕಡಿಮೆ, ಜ್ಞಾಪಕ ಜಾಸ್ತಿ. ಅವಳ ಪಟ್ಟಿಯಲ್ಲಿ ಹಾವೂ ಇರಲಿಲ್ಲ, ಚೇಳೂ ಇರಲಿಲ್ಲ. ತಪ್ಪು ತಪ್ಪು ಇಂಗ್ಲಿಷಿನಲ್ಲಿ ಅವಳು ಬರೆದದ್ದು ಇಷ್ಟು: ಸಂಜೆ ಅವ್ವ ಮನೆಗೆ ಬರುತ್ತಾಳೆ. ಅವಳ ಕೈ ಬೆಂಕಿ. ಅವಳು ನನ್ನ ಮುಖ ಮುಟ್ಟುವುದಿಲ್ಲ, ಮೊಣಕೈಯಿಂದ ನನ್ನನ್ನು ಕರೆಯುತ್ತಾಳೆ. ಸಡನ್ಲಿ ಭಾನುವಾರ ಬರುತ್ತದೆ. ಅವ್ವನ ಕೈ ತಣ್ಣಗಿದೆ. ಅವಳು ನನ್ನ ತಲೆ ಬಾಚುತ್ತಾಳೆ.

ಇದನ್ನು ಓದಿ ನಾನು ಏನು ಮಾಡಿದೆ ಎಂದು ಹೇಳಲೇಬೇಕು. ನಕ್ಕೆ. ಇಡೀ ತರಗತಿಯ ಎದುರು, "ಏನs, ಐತವಾರ ಸಡನ್ಲಿ ಬರತೈತೇನ? ಶನಿವಾರ ಆದ ಮ್ಯಾಲೆ ಬರತೈತಿ" ಎಂದೆ. ಮಕ್ಕಳೂ ನಕ್ಕರು. ಕೆಂಪು ಪೆನ್ನಿನಿಂದ ಕಥೆಯ ಮೇಲೆ ಅಡ್ಡಗೆರೆ ಎಳೆದೆ. ಅವಳು ಪಟ್ಟಿ ತೆಗೆದುಕೊಂಡು ಹೋಗಿ ತನ್ನ ಜಾಗದಲ್ಲಿ ಕುಳಿತಳು.

ಅದೇ ತಿಂಗಳು ಗೋಕಾಕದಲ್ಲಿ ಸುತ್ತಲಿನ ತಾಲ್ಲೂಕುಗಳ ಮಕ್ಕಳಿಗೆ ಇಂಗ್ಲಿಷಿನಲ್ಲಿ ಸ್ವಂತ ಕಥೆ ಹೇಳುವ ಸ್ಪರ್ಧೆ ಇಟ್ಟಿದ್ದರು. ಜ್ಞಾಪಕ ಒಳ್ಳೆಯದಿದೆ ಎಂದು ಅವಳನ್ನೇ ಆರಿಸಿದೆ. ಕಥೆ ಮಾತ್ರ ನಾನೇ ಬರೆದೆ. ಸ್ವಂತ ಕಥೆ ಎಂದರೆ ಟೀಚರು ಬರೆದು ಮಕ್ಕಳು ಬಾಯಿಪಾಠ ಮಾಡುವುದೆಂದು ನಮ್ಮಲ್ಲಿ ಎಲ್ಲರಿಗೂ ಗೊತ್ತು, ಅದರಲ್ಲಿ ತಪ್ಪಿದೆ ಎಂದು ಯಾರಿಗೂ ಅನ್ನಿಸುವುದಿಲ್ಲ. ನಾನು ನೌಕರಿಗೆ ಸೇರಿದ ಹೊಸತರಲ್ಲಿ ಮೂಡಲಗಿಯಲ್ಲಿದ್ದೆ. ಅಲ್ಲಿ ಹಿರಿಯ ಮಾಸ್ತರರೊಬ್ಬರು ನನಗೆ ಗುಟ್ಟು ಹೇಳಿಕೊಟ್ಟಿದ್ದರು: "ನಿರ್ಣಾಯಕರ ಕಣ್ಣಾಗ ನೀರ ಬಂದ್ರ ನಮ್ಮ ಕೈಯಾಗ ಕಪ್ ಬರತೈತ್ರಿ."

ಹಾಗಾಗಿ ಹುಡುಗಿಯ ತಾಯಿಯನ್ನು ಸಾಯಿಸಿದೆ. ಮಳೆಗಾಲದ ರಾತ್ರಿ, ಜ್ವರ, ಊರಿಗೆ ಬಸ್ಸಿಲ್ಲ, ಅಪ್ಪ ಕುಡಿದು ಬಿದ್ದಿದ್ದಾನೆ, ಮಗಳ ತೊಡೆಯ ಮೇಲೆ ತಾಯಿಯ ಪ್ರಾಣ ಹೋಗುತ್ತದೆ. ಅರ್ಧ ಗಂಟೆಯಲ್ಲಿ ಬರೆದು ಮುಗಿಸಿದೆ. ಅವರ ಮನೆಯನ್ನು ನಾನು ನೋಡಿರಲಿಲ್ಲ. ಅವರಿರುವ ಓಣಿಯ ಮನೆಗಳೆಂದರೆ ಹೀಗೇ ಇರುತ್ತವೆ ಎಂಬ ಎಣಿಕೆ ನನ್ನೊಳಗೆ ಎಂದೋ ಕೂತಿತ್ತು. ಮನುಷ್ಯರೆಲ್ಲ ಒಂದೇ ಎಂಬ ಮಾತನ್ನು ದಿನಾ ಹೇಳುವ ಮನೆಯಲ್ಲಿ ಬೆಳೆದವಳು ನಾನು. ಆ ಮಾತು ಬಾಯಲ್ಲಿ ಮಾತ್ರ ಇತ್ತು ಎಂದು ಬರೆಯಲು ನಾಚಿಕೆಯಾಗುತ್ತದೆ, ಆದರೆ ಇದ್ದದ್ದು ಅಲ್ಲೇ.

ಹುಡುಗಿ ಹಾಳೆಯನ್ನು ನಿಧಾನವಾಗಿ ಓದಿದಳು. ಕೆಲವು ಶಬ್ದಗಳ ಅರ್ಥ ಕೇಳಿದಳು. ಆಮೇಲೆ, "ಟೀಚರ್, ನಮ್ಮವ್ವ ಅದಾಳಲ್ರಿ" ಎಂದಳು.

"ಇದು ಕಥಿ ಐತಿ. ಕಥ್ಯಾಗ ಹಂಗs ಇರತೈತಿ."

"ಅವ್ವಗ ಹೇಳ್ಲೇನ್ರಿ?"

"ಬ್ಯಾಡ, ಆಕಿಗೆ ಇಂಗ್ಲಿಷ್ ಎಲ್ಲಿ ತಿಳೀತೈತಿ? ಸುಮ್ನ ಪಾಠ ಮಾಡ" ಎಂದೆ.

ಸ್ಪರ್ಧೆಯ ದಿನ ಬೆಳಗ್ಗೆ ಹುಡುಗಿಯನ್ನು ಕರೆದೊಯ್ಯಲು ಸಂಕೇಶ್ವರದ ಬಸ್ ಸ್ಟ್ಯಾಂಡಿಗೆ ಬಂದರೆ, ಅವಳ ಪಕ್ಕ ಅವಳ ತಾಯಿ ನಿಂತಿದ್ದಳು. ಒಂದು ದಿನದ ಪಗಾರ ಬಿಟ್ಟು, ಪೆಟ್ಟಿಗೆಯಲ್ಲಿಟ್ಟ ಸೀರೆ ಉಟ್ಟುಕೊಂಡು ಬಂದಿದ್ದಳು. "ಮಗಳು ಇಂಗ್ಲಿಷ್ ಮಾತಾಡೂದು ಒಮ್ಮೆ ನೋಡಬೇಕಂತ ಬಂದೇನ್ರಿ ಅಕ್ಕೋರ" ಎಂದಳು. ನಮ್ಮ ಕಡೆ ಹಳಬರು ಟೀಚರನ್ನು ಅಕ್ಕೋರು ಎಂದೇ ಕರೆಯುತ್ತಾರೆ. ಕಳ್ಳನ ಮನಸ್ಸು ಹುಳ್ಳುಳ್ಳಗೆ ಅನ್ನುವ ಹಾಗೆ ನಾನು ಪರ್ಸಿನಲ್ಲಿ ಚಿಲ್ಲರೆ ಹುಡುಕತೊಡಗಿದೆ. ಆಗಲೇ ಹೇಳಿಬಿಡಬಹುದಿತ್ತು. ಹುಕ್ಕೇರಿ ದಾಟುವಾಗ ಹೇಳಬೇಕೆಂದುಕೊಂಡೆ, ಘಟಪ್ರಭಾ ಬಂದಾಗ ಮತ್ತೆ ಅಂದುಕೊಂಡೆ. ಗೋಕಾಕ ಬಂತು. ಹೇಗೂ ಇಂಗ್ಲಿಷು, ಆಕೆಗೇನು ತಿಳಿಯುತ್ತದೆ ಎಂದು ಸಮಾಧಾನ ಮಾಡಿಕೊಂಡೆ.

ಹುಡುಗಿ ಒಂದು ಶಬ್ದವೂ ತಪ್ಪದೆ ಹೇಳಿದಳು. ನಾನು ಹೇಳಿಕೊಟ್ಟ ಜಾಗದಲ್ಲಿ ದನಿ ನಡುಗಿಸಿದಳು, ಹೇಳಿಕೊಟ್ಟ ಜಾಗದಲ್ಲಿ ಕಣ್ಣು ಒರೆಸಿಕೊಂಡಳು. ಮೊದಲ ಬಹುಮಾನ. ಹಿಂದಿನ ಸಾಲಿನಲ್ಲಿ ತಾಯಿ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದಳು.

ಅತಿಥಿಯಾಗಿ ಬಂದವರು ನಿವೃತ್ತ ಹೆಡ್‌ಮಿಸ್ಟ್ರೆಸ್, ಮೆತ್ತನೆಯ ಮನಸ್ಸಿನವರು. ಅವರು ಮೈಕಿನ ಮುಂದೆ ನಿಂತು, ಪಾಲಕರಿಗೂ ತಿಳಿಯಲಿ ಎಂದು, ಇಡೀ ಕಥೆಯನ್ನು ಕನ್ನಡದಲ್ಲಿ ಹೇಳಿದರು. ಜ್ವರ, ಮಳೆ, ಕುಡುಕ ತಂದೆ, ಸಾವು, ಏನನ್ನೂ ಬಿಡಲಿಲ್ಲ. ನನಗೆ ತಿರುಗಿ ನೋಡುವ ಧೈರ್ಯ ಬರಲಿಲ್ಲ. ಕೊನೆಗೆ ಅವರು ಕಣ್ಣೀರು ಒರೆಸಿಕೊಂಡು ಕೇಳಿದರು: "ತಾಯಿ ಇಲ್ಲದ ಈ ಕೂಸಿನ ಕೂಡ ಯಾರ ಬಂದೀರಿ?"

ಹಿಂದೆ ಕುರ್ಚಿ ಸರಿದ ಸದ್ದಾಯಿತು. ಆಗ ತಿರುಗಿದೆ. ತಾಯಿ ಎದ್ದು ನಿಂತಿದ್ದಳು.

"ನೀವು ಆಕಿಗೆ ಏನಾಗಬೇಕ್ರಿ?"

ಆಕೆ ಮೊದಲು ವೇದಿಕೆಯ ಮೇಲಿದ್ದ ಮಗಳನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ನಾನು ಎದ್ದು, ತಪ್ಪು ನನ್ನದು, ಇವಳೇ ತಾಯಿ ಎನ್ನಬೇಕಿತ್ತು. ನಾನು ತಲೆ ತಗ್ಗಿಸಿದೆ.

"ಕಾಕೂ ರೀ" ಎಂದಳು ಆಕೆ. "ನಾ ಆಕಿ ಕಾಕೂ."

ತಾಯಿಯಿಲ್ಲದ ಮಗುವಿನ ಜೊತೆ ಚಿಕ್ಕಮ್ಮ ಬಂದಿದ್ದಾಳೆಂದು ಸಭೆಯೆಲ್ಲ ಮತ್ತೆ ಚಪ್ಪಾಳೆ ತಟ್ಟಿತು. ಅತಿಥಿಗೆ ಉಡಿ ತುಂಬಲೆಂದು ತಾಟಿನಲ್ಲಿ ಅಕ್ಕಿ, ತೆಂಗಿನಕಾಯಿ, ಖಣ, ಅರಿಶಿನ ಕುಂಕುಮ ಇಟ್ಟಿದ್ದರು. ಮನೆಗೆ, ಸಭೆಗೆ ಬಂದ ಹೆಣ್ಣುಮಗಳಿಗೆ ಸೆರಗು ತುಂಬ ಕೊಟ್ಟು ಕಳಿಸುವುದು ನಮ್ಮ ಕಡೆಯ ಮರ್ಯಾದೆ. ಅತಿಥಿ, "ಹಡದಾಕಿಗಿಂತ ಜ್ವಾಪಾನ ಮಾಡಿದಾಕಿ ದೊಡ್ಡಾಕಿ. ಈ ಉಡಿ ನನಗ ಬ್ಯಾಡ, ಈ ಕಾಕೂಗ ತುಂಬ್ರಿ. ಆಕಿ ಟೀಚರs ಬಂದು ತುಂಬಲಿ" ಎಂದರು.

ನಾನೇ ಹೋಗಿ ತುಂಬಿದೆ. ಆಕೆಯ ಹಣೆಗೆ ಕುಂಕುಮ ಹಚ್ಚಿದೆ. ಆಕೆ ಸೆರಗು ಒಡ್ಡಿ ನಿಂತಳು. ಬೆರಳ ತುದಿಗಳು ಮೆಣಸಿನಕಾಯಿಯ ಖಾರಕ್ಕೆ ಸುಲಿದು ಕೆಂಪಾಗಿದ್ದವು. ಅವನ್ನೇ ನೋಡುತ್ತ ಸುರಿದ ಅಕ್ಕಿ ಸೆರಗು ತಪ್ಪಿ ಕೆಳಗೆ ಚೆಲ್ಲಿತು. ಆಕೆ ಯಾರಿಗೂ ಕೇಳದ ಹಾಗೆ, "ಸಾವಕಾಶ್ರಿ ಅಕ್ಕೋರ" ಎಂದಳು. ಮೊಬೈಲುಗಳಲ್ಲಿ ಫೋಟೋ ತೆಗೆದರು. ಸಂಜೆಯ ಹೊತ್ತಿಗೆ ಆ ಫೋಟೋ ನಮ್ಮ ಶಿಕ್ಷಕರ ಗ್ರೂಪಿನಲ್ಲಿ ಬಂದಿತ್ತು, ಕೆಳಗೆ ಸಾಲುಸಾಲು ಅಭಿನಂದನೆ. ಎಲ್ಲರಿಗೂ ಧನ್ಯವಾದ ಎಂದು ಬರೆದೆ. ಅದನ್ನೂ ಬರೆದೆ ನಾನು.

ಮರಳಿ ಬರುವಾಗ ಬಸ್ಸಿನಲ್ಲಿ ಮೂವರೂ ಒಂದೇ ಸೀಟಿನಲ್ಲಿ ಕುಳಿತಿದ್ದೆವು. ಹುಡುಗಿ ಕಿಟಕಿಯ ಕಡೆ, ನಡುವೆ ತಾಯಿ. ನಾನು ಮಾತಾಡಬೇಕಿತ್ತು, ಆದರೆ ಮೊದಲು ಕೇಳಿದವಳು ಆಕೆಯೇ.

"ನನಗ ದವಾಖಾನಿಗೆ ಯಾರೂ ಒಯ್ಯಲಿಲ್ಲೇನ್ರಿ?"

ದನಿಯಲ್ಲಿ ಸಿಟ್ಟಿರಲಿಲ್ಲ. ಯಾರೋ ದೂರದ ನೆಂಟರ ಸಾವಿನ ಸುದ್ದಿ ಕೇಳುವ ಹಾಗೆ ಕೇಳಿದಳು.

"ಬಸ್ ಇರಲಿಲ್ಲಂತ ಬರದೇನಿ" ಎಂದೆ.

"ನಮ್ಮೂರಿಗೆ ತಾಸಿಗೊಂದ ಬಸ್ ಐತಲ್ರಿ. ನೀವೂ ಅದರಾಗs ಬರ್ತೀರಿ."

ಆಕೆ ಉಡಿಯ ಗಂಟನ್ನು ಮಡಿಲಲ್ಲಿ ಸರಿಮಾಡಿಕೊಂಡಳು.

"ಇಕಿ ಅಪ್ಪ ಕುಡೀತಾರಂತ ಯಾಕ ಬರದ್ರಿ? ಅವರು ಎಲಿ ಅಡಿಕಿ ಸುದ್ದಾ ತಿನ್ನಂಗಿಲ್ರಿ." ಮಗಳ ಕಡೆ ನೋಡಿ, "ನಾ ಸತ್ತದ್ದು ಇರಲಿ ಅಕ್ಕೋರ, ಮಗಳಿಗೆ ಬಕ್ಷೀಸ ಬಂತು. ಆದ್ರ ಅವರಿಗೆ ಇದು ತಿಳೀಬಾರದು ನೋಡ್ರಿ. ಭಾಳ ನೊಂದ್ಕೋತಾರ" ಎಂದಳು.

ತಪ್ಪಾಯಿತು ಎಂದು ಬಸ್ಸಿಳಿಯುವ ಮುಂಚೆ ಹೇಳಿದೆ. ಹೇಳಿದ್ದು ಎಷ್ಟು ಸಣ್ಣ ದನಿಯಲ್ಲಿ ಎಂದರೆ, ಆಕೆಗೆ ಕೇಳಿಸಿತೋ ಇಲ್ಲವೋ ಇಂದಿಗೂ ನನಗೆ ಗೊತ್ತಿಲ್ಲ. ಇಂಥದನ್ನೂ ಅಳತೆ ನೋಡಿ ಹೇಳುವ ಜಾತಿಯವಳು ನಾನು. ಹೆಡ್‌ಮಾಸ್ತರರಿಗೂ ಹೇಳಲಿಲ್ಲ, ಸ್ಪರ್ಧೆಯವರಿಗೂ ಬರೆಯಲಿಲ್ಲ. ಮುಂದಿನ ತಿಂಗಳು ಒಂದು ತರಬೇತಿಯಲ್ಲಿ ನಮ್ಮ ಶಾಲೆಯ ಕಥೆ ಬರೆಸುವ ಪದ್ಧತಿಯ ಬಗ್ಗೆ ಹತ್ತು ನಿಮಿಷ ಮಾತಾಡಿ ಎಂದರು. ತಲೆನೋವೆಂದು ತಪ್ಪಿಸಿಕೊಂಡೆ. ನಾನು ಮಾಡಿದ ಪ್ರಾಯಶ್ಚಿತ್ತ ಅಷ್ಟೇ.

ಜೂನಿನಲ್ಲಿ ಶಾಲೆ ಮತ್ತೆ ಶುರುವಾಯಿತು. ಆ ಹುಡುಗಿ ಏಳನೇ ತರಗತಿಗೆ ಬಂದಳು. ರಜೆಯಿಡೀ ಯೋಚಿಸಿ ನಾನು ಒಂದು ತೀರ್ಮಾನಕ್ಕೆ ಬಂದಿದ್ದೆ: ಇನ್ನು ಬಾಯಿಪಾಠ ಇಲ್ಲ, ನಾಲ್ಕು ಶಬ್ದಗಳ ಚೌಕಟ್ಟೂ ಇಲ್ಲ. ಮೊದಲ ವಾರವೇ ಬೋರ್ಡು ಒರೆಸಿ ಖಾಲಿ ಬಿಟ್ಟು ಹೇಳಿದೆ: "ನಿಮ್ಮ ಮನಿ ಬಗ್ಗೆ ಒಂದು ಕಥಿ ಬರೀರಿ. ತಪ್ಪಾದ್ರ ಆಗಲಿ, ನಾ ಕೆಂಪು ಪೆನ್ನ ಹಚ್ಚಂಗಿಲ್ಲ. ನಿಮಗ ಹೆಂಗ ತಿಳೀತೈತಿ ಹಂಗ ಬರೀರಿ."

ನನ್ನ ಕಣ್ಣು ಅವಳ ಮೇಲೇ ಇತ್ತು. ಕೈ ತಣ್ಣಗಿರುವ ಆ ಭಾನುವಾರವನ್ನು ಅವಳು ಮತ್ತೊಮ್ಮೆ ಬರೆಯುತ್ತಾಳೆ ಎಂಬ ಆಸೆ. ಬರೆದರೆ ನನ್ನ ತಪ್ಪು ಅಷ್ಟರಮಟ್ಟಿಗೆ ಹಗುರಾಗುತ್ತದೆ ಎಂಬ ಸ್ವಾರ್ಥವೂ ಅದರಲ್ಲಿತ್ತು. ಅವಳು ಪೆನ್ನಿನ ಟೋಪಿ ತೆಗೆದಳು, ದಿನಾಂಕ ಬರೆದಳು, ಗೆರೆ ಹೊಡೆದಳು. ಆಮೇಲೆ ಕೈ ಎತ್ತಿ ಎದ್ದು ನಿಂತಳು. ಮುಖದಲ್ಲಿ ತುಂಟತನವಿರಲಿಲ್ಲ, ಸಿಟ್ಟೂ ಇರಲಿಲ್ಲ. ಮಾರ್ಜಿನ್ ಎಷ್ಟು ಬಿಡಬೇಕು ಎಂದು ಕೇಳುವಷ್ಟೇ ಶ್ರದ್ಧೆಯಿಂದ ಕೇಳಿದಳು:

"ಟೀಚರ್, ಈ ಸಲ ಯಾರನ್ನ ಸಾಯಸ್ಬೇಕ್ರಿ?"