ಅಕ್ಕನ ಪಾಲಿನ ಮಾಫಿ

ಅಕ್ಕನನ್ನು ಮಣ್ಣು ಮಾಡಿ ಬಂದ ದಿನ ಇಂಡಿ ಊರಿನ ಅವಳ ಗಂಡನ ಮನೆಯಲ್ಲಿ ನನಗೆ ಅಳಬೇಡ ಎಂದರು. ಹೆಂಗಸರು ಕೂತಿದ್ದ ಒಳಕೋಣೆಯಲ್ಲಿ ಸಂಬಂಧಿಕಳೊಬ್ಬಳು ನನ್ನ ಬೆನ್ನು ಸವರುತ್ತ, “ಹೆರಿಗ್ಯಾಗ ಸತ್ತಾಕಿ ಶಹೀದ್ ಇದ್ದಂಗವ್ವಾ. ಸೀದಾ ಜನ್ನತ್‌ಗೆ ಹೋಗ್ತಾಳ. ನೀ ಅತ್ರ ಆಕೀಗೆ ತ್ರಾಸ ಆಕ್ಕೈತಿ,” ಎಂದಳು. ಇನ್ನೊಬ್ಬಳು, ಹೊಟ್ಟೆಯಲ್ಲೇ ಸತ್ತ ಕೂಸು ಕಡೆಯ ದಿನ ಹೊಕ್ಕುಳಬಳ್ಳಿಯಿಂದ ತಾಯಿಯನ್ನು ಸ್ವರ್ಗದೊಳಕ್ಕೆ ಎಳೆದುಕೊಂಡು ಹೋಗುತ್ತದೆ ಎಂದು ಹೇಳಿದಳು. ಅವರ ದನಿಯಲ್ಲಿ ಕೆಟ್ಟತನವೇನೂ ಇರಲಿಲ್ಲ. ನನಗೆ ಮಾತ್ರ ಎದ್ದು ಹೋಗಿ ಆ ಮನೆಯ ಪಾತ್ರೆ ಪಗಡೆಯನ್ನೆಲ್ಲ ಅಂಗಳಕ್ಕೆ ಎಸೆಯಬೇಕೆನಿಸಿತು. ಎಲ್ಲರೂ ಅವಳು ಹೋದ ಜಾಗದ ಬಗ್ಗೆಯೇ ಮಾತಾಡುತ್ತಿದ್ದರು. ಅವಳು ಹೇಗೆ ಹೋದಳು ಎಂಬ ಮಾತು ಒಬ್ಬರ ಬಾಯಲ್ಲೂ ಇರಲಿಲ್ಲ.

ಹೇಗೆ ಹೋದಳು ಎಂಬುದು ನನಗೆ ಗೊತ್ತಿತ್ತು.

ನಮ್ಮದು ಸಿಂದಗಿ. ಮನೆಯೊಳಗೂ ಕನ್ನಡವನ್ನೇ ಆಡುವ ಮುಸಲ್ಮಾನರು ನಾವು. ಅವ್ವ ಬೇಗ ತೀರಿಕೊಂಡಿದ್ದರಿಂದ ನನ್ನ ತಲೆ ಬಾಚಿ, ರೊಟ್ಟಿ ಕಟ್ಟಿಕೊಟ್ಟು ಸಾಲಿಗೆ ಕಳಿಸಿದವಳು ಅಕ್ಕ. ನಾನು ಓದಿ ಮುದ್ದೇಬಿಹಾಳದಲ್ಲಿ ಹೈಸ್ಕೂಲಿನ ವಿಜ್ಞಾನ ಶಿಕ್ಷಕಿಯಾದೆ. ಅವಳು ಇಂಡಿಯ ನಿಂಬೆ ತೋಟದ ಮನೆಗೆ ಸೊಸೆಯಾಗಿ ಹೋದಳು. ಬಹಳ ವರ್ಷ ಮಕ್ಕಳಾಗದೆ ಕಡೆಗೆ ಬಸುರಾದಾಗ ದಿನಕ್ಕೆರಡು ಸಲ ಫೋನ್ ಮಾಡಿ ನನ್ನ ತಲೆ ತಿನ್ನುತ್ತಿದ್ದಳು. ಕೂಸಿನ ಹೆಸರನ್ನು ನಾನೇ ಇಡಬೇಕು, ಆದರೆ ಇಡುವ ಹೆಸರು ಅವಳಿಗೆ ಒಪ್ಪಿಗೆಯಾಗಬೇಕು.

ಆ ದಿನ ಬೆಳಗಿನ ಎರಡನೆಯ ತಾಸು ಮುಗಿಸಿ ಹೊರಬಂದಾಗ ಫೋನ್ ಬಂತು. “ಭಾಳ ರಕ್ತ ಹೋಗಾಕತ್ತೈತಿ. ವಿಜಾಪುರಕ್ಕ ಒಯ್ರಿ ಅಂತ ದವಾಖಾನಿ ಅಕ್ಕಾರು ಹೇಳಿ ಹೋದ್ರು. ಇವರು ಚಡಚಣದಾಗ ಅದಾರ. ಬರ್ಲಿ ಅಂತ ಕುಂತೀವಿ,” ಎಂದಳು. ನಾನು ಫೋನನ್ನು ಅವಳ ಅತ್ತೆಯ ಕೈಗೆ ಕೊಡು ಎಂದೆ. ಆಕೆ, “ಗಂಡ ಇಲ್ಲದ ಹೆಂಗ ಕಳಸೂದವ್ವಾ? ನಾವೂ ಹಡದೀವಿ,” ಎಂದು ಇಟ್ಟುಬಿಟ್ಟಳು. ನಾನೇ ಆಂಬುಲೆನ್ಸಿಗೆ ಫೋನ್ ಹಚ್ಚಿ ವಿಳಾಸ ಹೇಳಿ, ರಜೆ ಕೇಳಿ ಬಸ್ ಹತ್ತಿದೆ.

ಗಾಡಿ ಅವರ ಬಾಗಿಲಿಗೆ ಬಂದಿತ್ತು. ಮನೆಯಲ್ಲಿ ಗಂಡಸರಿಲ್ಲ, ಆಮೇಲೆ ನಾವೇ ಕರೆದುಕೊಂಡು ಬರುತ್ತೇವೆ ಎಂದು ಆ ಅತ್ತೆ ಅದನ್ನು ತಿರುಗಿ ಕಳಿಸಿದಳು. ಮಧ್ಯಾಹ್ನ ಭಾವ ಚಡಚಣದಿಂದ ಬಂದ. ಬಂದವನು ಕೈಕಾಲು ತೊಳೆದು ಉಂಡ. ಉಂಡ ಎಂಬುದನ್ನು ನಾನು ಇವತ್ತಿಗೂ ಮರೆಯಲಾರೆ. ಆಮೇಲೆ ಕಾರು ಹೊರಟಿತು. ಬಸವನ ಬಾಗೇವಾಡಿಯಲ್ಲಿ ನಾನು ವಿಜಾಪುರದ ಬಸ್ಸಿಗೆ ಕಾಯುತ್ತಿದ್ದಾಗ ಅಕ್ಕನ ಪಕ್ಕದ ಮನೆಯ ಹೆಂಗಸು ಫೋನ್ ಮಾಡಿ, ದಾರಿಯಲ್ಲೇ ಮುಗಿಯಿತು ಎಂದಳು. ಗಾಡಿ ಬಂದು ತಿರುಗಿದ್ದನ್ನೂ ಊಟವನ್ನೂ ಕಣ್ಣಾರೆ ಕಂಡು ನನಗೆ ಹೇಳಿದವಳು ಅವಳೇ. ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂತು ನಾನು ಕೂಗಿದ ಕೂಗಿಗೆ ಕಂಡಕ್ಟರುಗಳು ಓಡಿಬಂದಿದ್ದರಂತೆ. ನನಗೆ ನೆನಪಿಲ್ಲ.

ಮೂರನೆಯ ದಿನದ ಜಿಯಾರತ್ ಪ್ರಾರ್ಥನೆಗೆ ಭಾವನ ಕಡೆಯವರು ಒಬ್ಬ ಮೌಲಾನಾರನ್ನು ಕರೆಸಿದ್ದರು. ಅವರು ಅಜಲ್ ಬಗ್ಗೆ ಮಾತಾಡಿದರು. ಅಜಲ್ ಎಂದರೆ ಪ್ರತಿ ಜೀವಕ್ಕೂ ದೇವರು ನಿಗದಿ ಮಾಡಿಟ್ಟ ಕಡೆಯ ಗಳಿಗೆ. ಅದು ಒಂದು ಉಸಿರು ಮುಂದೂ ಹೋಗುವುದಿಲ್ಲ, ಹಿಂದೂ ಬರುವುದಿಲ್ಲ. “ಯಾರರೆ ಹಂಗ ಮಾಡಬೇಕಿತ್ತು, ಹಿಂಗ ಮಾಡಬೇಕಿತ್ತು ಅಂದ್ರ ಅದು ಸೈತಾನನ ಮಾತು,” ಎಂದರು. ಭಾವ ತಲೆ ತಗ್ಗಿಸಿ ಕೂತಿದ್ದ. ಅವನ ಭುಜ ಹಗುರಾಗಿ ಕೆಳಗಿಳಿದಿದ್ದು ಪರದೆಯ ಸಂದಿಯಿಂದ ನನಗೆ ಕಂಡಿತು. ಅವನ ಪಕ್ಕದಲ್ಲಿ ನನ್ನ ಅಪ್ಪ ಹೌದು ಹೌದು ಎಂದು ತಲೆಯಾಡಿಸುತ್ತಿದ್ದರು.

ಅಪ್ಪನಿಗೆ ಕಾಲದ ಬಗ್ಗೆ ಯಾರೂ ಪಾಠ ಹೇಳಬೇಕಾಗಿರಲಿಲ್ಲ. ಅವರು ಇತಿಹಾಸದ ಮಾಸ್ತರರಾಗಿ ನಿವೃತ್ತರಾದವರು. ಉರ್ದು, ಅರಬ್ಬಿ ತಾವೇ ಕಲಿತು ಹಳೆಯ ಪಂಡಿತರ ವಾದಗಳನ್ನು ಓದಿದವರು. ಸಂಜೆಯ ನಮಾಜು ಮುಗಿಸಿ ಬಂದು ಮನೆಯ ಮುಂದಿನ ಕಟ್ಟೆಯಲ್ಲಿ ಕೂತರೆ ಓಣಿಯ ಹಿರಿಯರು, ಲಿಂಗಾಯತರು, ಮುಸಲ್ಮಾನರು ಎಲ್ಲರೂ ಸುತ್ತ ಸೇರುತ್ತಿದ್ದರು. ಕಾಲ ಹರಿಯುವ ಹೊಳೆಯಲ್ಲ, ಒಂದೊಂದು ಕ್ಷಣವನ್ನೂ ದೇವರು ಬೇರೆಯಾಗಿ ಹುಟ್ಟಿಸುತ್ತಾನೆ, ಈಗಿನ ಕ್ಷಣದ ಜಗತ್ತು ಮುಂದಿನ ಕ್ಷಣಕ್ಕೆ ತಾನಾಗಿ ದಾಟುವುದಿಲ್ಲ ಎಂದು ಹೇಳುತ್ತಿದ್ದರು. ಸತ್ತವರು ಎಲ್ಲಿರುತ್ತಾರೆ ಎಂದು ಕೇಳಿದರೆ ಬರ್ಜಖ್‌ನಲ್ಲಿ ಎನ್ನುವರು. ಅದು ಸಾವಿಗೂ ಮತ್ತೆ ಎದ್ದೇಳುವ ದಿನಕ್ಕೂ ನಡುವಿನ ಪರದೆ. “ಅದೇನು ಇಂಡಿಗೂ ಸಿಂದಗಿಗೂ ನಡುವ ಇರೂ ಹಳ್ಳಿ ಅಲ್ಲೋ ಮಾರಾಯ. ಅಲ್ಲಿ ನಮ್ಮ ಗಡಿಯಾರ ನಡಿಯೂದಿಲ್ಲ. ಎಷ್ಟೋ ವರ್ಷ ಮಣ್ಣಾಗ ಇದ್ದಾವ ಎದ್ದು, ಅರ್ಧ ದಿನ ಮಲಗಿದ್ದೆ ಅಂತಾನ,” ಎಂದು ನಗುತ್ತಿದ್ದರು. ಭೌತಶಾಸ್ತ್ರ ಓದಿದ ನನಗೆ ಆ ಮಾತುಗಳೆಂದರೆ ಪ್ರಾಣ. ಚಹಾ ತರುವ ನೆಪದಲ್ಲಿ ಅಕ್ಕನೂ ನಾನೂ ಬಾಗಿಲಲ್ಲಿ ನಿಂತು ಕೇಳುತ್ತಿದ್ದೆವು.

ಅಂಥ ಅಪ್ಪ ಇಂಡಿಯಲ್ಲಿ ಬೀಗರ ಊಟ ಉಂಡು, ತಲೆಯಾಡಿಸಿ, ಎಲ್ಲರಿಗೂ ಕೈ ಕೊಟ್ಟು ಎದ್ದು ಬಂದರು.

ಸಿಂದಗಿಗೆ ಬಂದ ಮರುದಿನ ನಾನು ಅವರ ಎದುರು ನಿಂತೆ.

“ಗಳಿಗಿ ಬರದಿಟ್ಟದ್ದ ಅಂದ್ರ ಗಾಡಿ ತಿರುಗಿ ಕಳಿಸಿದಾಕೀದು ಏನೂ ತಪ್ಪಿಲ್ಲೇನಪ್ಪಾ?”

ಅಪ್ಪ ಮೆಲ್ಲಗೆ, “ತಪ್ಪೈತಿ,” ಎಂದರು. “ಇದು ಹಳೇ ವಾದ. ಕೊಲಿಯಾದಾವನೂ ತನ್ನ ಅಜಲ್ ಬಂದ ಸಾಯ್ತಾನ. ಹಂಗಂತ ಕೊಂದಾವನ್ನ ಯಾರೂ ಬಿಟ್ಟಿಲ್ಲ. ಗಳಿಗಿ ದೇವರದು. ಕೈ ಮಾಡಿದ್ದು ಮನಷ್ಯಾಂದು. ಆ ಕೈಗೆ ಮನಷ್ಯಾನ ಜವಾಬು ಕೊಡಬೇಕು.”

“ಇದು ನಿಮಗ ಗೊತ್ತಿತ್ತು?”

“ಗೊತ್ತಿತ್ತವ್ವಾ.”

“ಗೊತ್ತಿದ್ದೂ ಅಲ್ಲಿ ಕುಂತು ಹೌದ ಹೌದ ಅಂದ್ರಿ?”

“ನಾಲ್ಕು ಮಂದಿ ಮುಂದ, ಬೀಗರ ಮನಿಯಾಗ, ಮಣ್ಣ ಕೊಟ್ಟು ಬಂದ ಹೊತ್ತಿನಾಗ…”

ಅವರನ್ನು ಮುಂದೆ ಮಾತಾಡಲು ನಾನು ಬಿಡಲಿಲ್ಲ. ಕಟ್ಟೆಯ ಮೇಲೆ ಕೂತು ಪರಲೋಕದ ಗಡಿಯಾರ ಬಿಚ್ಚಿ ತೋರಿಸುವವರಿಗೆ ಮಗಳ ಸಲುವಾಗಿ ಒಂದು ಮಾತು ಹೊರಡಲಿಲ್ಲವೇ ಎಂದು ಕೂಗಿದೆ. ಪೊಲೀಸರಿಗೆ ದೂರು ಕೊಡೋಣ ಎಂದೆ. ಬೇಡ ಎಂದರು. ಹಾಗಾದರೆ ಊರಿನ ಹಿರಿಯರ ಮುಂದಾದರೂ ಕೇಳೋಣ ಎಂದೆ. ಅದಕ್ಕೂ ಬೇಡ ಎಂದರು. ಸತ್ತವಳ ಹೆಸರು ಬೀದಿಗೆ ಬರುತ್ತದಂತೆ. ನಾನೊಬ್ಬಳೇ ಇಂಡಿಗೆ ಹೋಗಿ ಭಾವನಿಗೆ ಕೇಳಬೇಕಾದ್ದನ್ನೆಲ್ಲ ಕೇಳಿ ಬಂದೆ. ಅವನು, “ಅವ್ವಗ ತಿಳೀಲಿಲ್ಲ, ಏನ್ ಮಾಡೂದು?” ಎಂದು ಫೋನ್ ನೋಡುತ್ತ ಕೂತ. ವರ್ಷದೊಳಗೆ ಮತ್ತೊಂದು ಮದುವೆಯಾದ. ನಾನು ಅಪ್ಪನ ಜೊತೆ ಮಾತು ಬಿಟ್ಟೆ. ವಾರದ ಕೊನೆಗೆ ಸಿಂದಗಿಗೆ ಬಂದು ಅಡುಗೆ ಮಾಡಿಟ್ಟು ಹೋಗುತ್ತಿದ್ದೆ, ಅಷ್ಟೇ. ಅಪ್ಪ ಕಟ್ಟೆಯಲ್ಲಿ ಕೂರುವುದನ್ನು ಬಿಟ್ಟಿದ್ದರು. ಹಿರಿಯರು ಬಂದು ಕರೆದರೆ ಮೊಣಕಾಲು ನೋವು ಎನ್ನುತ್ತಿದ್ದರು. ಅದನ್ನು ನೋಡಿಯೂ ನನ್ನ ಸಿಟ್ಟು ಇಳಿಯಲಿಲ್ಲ.

ಕೆಲವು ವರ್ಷಗಳ ನಂತರ ಒಂದು ಭಾನುವಾರ ಅಕ್ಕನ ಅತ್ತೆ ನಮ್ಮ ಮನೆಗೆ ಬಂದಳು. ಹಜ್ ಯಾತ್ರೆಗೆ ಹೊರಟಿದ್ದಳು. ಹೊರಡುವ ಮುಂಚೆ ನೆಂಟರು, ನೆರೆಯವರು, ಜಗಳಾಡಿದವರು ಎಲ್ಲರ ಮನೆಗೂ ಹೋಗಿ ಮಾಫಿ ಕೇಳಿಕೊಳ್ಳುವುದು ನಮ್ಮಲ್ಲಿ ವಾಡಿಕೆ. ಕೇಳಿದವರಿಗೆ ಎಲ್ಲರೂ ಮಾಫ್ ಎನ್ನುತ್ತಾರೆ. ಇಲ್ಲ ಎಂದವರನ್ನು ನಾನು ಕಂಡಿಲ್ಲ.

ಆಕೆ ಅಪ್ಪನ ಎದುರು ಕುರ್ಚಿಯ ತುದಿಯಲ್ಲಿ ಕೂತು, “ಹಜ್‌ಗೆ ಹೊಂಟೇನ್ರಿ ಬೀಗರ. ಹೆಚ್ಚುಕಡಿಮಿ ಮಾತಾಡಿದ್ರ, ಏನರೆ ತಪ್ಪಾಗಿದ್ರ ಮಾಫ್ ಮಾಡ್ರಿ,” ಎಂದಳು. ಎಲ್ಲ ಮನೆಯಲ್ಲೂ ಹೇಳುವ ಮಾತನ್ನೇ ಹೇಳಿದಳು, ಒಂದು ಅಕ್ಷರ ಹೆಚ್ಚಿಲ್ಲ.

ಅಪ್ಪ ಬಾಯಿ ತೆರೆಯುವ ಮೊದಲೇ ನಾನು ಅಡುಗೆಮನೆಯಿಂದ ಹೊರಬಂದೆ. “ಯಾವ ತಪ್ಪು ಅತ್ತೀ? ಇಂಥಾದ್ದು ಅಂತ ಹೇಳಿ ಕೇಳ್ರಿ.”

“ಆಗಿ ಹೋದದ್ದನ್ನ ಯಾಕ ತಗೀತಿ ತಂಗಿ? ಆಕೀ ಟೈಮ್ ಅಲ್ಲಿಗೆ ಮುಗಿದಿತ್ತು.”

“ಬಾಗಲಿಗೆ ಬಂದ ಗಾಡಿ ತಿರುಗಿ ಕಳಿಸಿದ್ದು ಟೈಮ್ ಅಲ್ಲ. ನೀವು.”

ಆಕೆ ಅಪ್ಪನ ಕಡೆ ತಿರುಗಿ, “ನೋಡ್ರಿ ಬೀಗರ, ಮನಿಗೆ ಬಂದಾಕೀಗೆ…” ಎಂದು ಶುರು ಮಾಡಿದಳು. ಈಗಲೂ ಅಪ್ಪ ತಲೆಯಾಡಿಸುತ್ತಾರೆ ಎಂದುಕೊಂಡೆ. ಅವರು ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡರು.

“ನನ್ನ ಪಾಲಿಂದು ನಾ ಬಿಟ್ಟೇನ್ರಿ,” ಎಂದರು. “ಆಕೀ ಪಾಲಿಂದು ಬಿಡಾಕ ನಾ ಯಾರು? ನಮಾಜು ತಪ್ಪಿದ್ರ, ರೋಜಾ ತಪ್ಪಿದ್ರ ಅಲ್ಲಾ ಮಾಫ್ ಮಾಡ್ತಾನ. ಒಬ್ಬ ಮನಷ್ಯಾಗ ಮಾಡಿದ್ದನ್ನ ಆ ಮನಷ್ಯಾ ಮಾಫ್ ಮಾಡಬೇಕು. ಅದನ್ನ ಅಲ್ಲಾನೂ ಆ ಮನಷ್ಯಾನ ಕೈಯಾಗ ಬಿಟ್ಟಾನ. ಆಕಿ ಪರದೆ ಆಚಿ ಅದಾಳ. ನೀವು ಆಕೀನ ಕೇಳಬೇಕ್ರಿ.”

“ಸತ್ತಾಕೀನ ಎಲ್ಲಿ ಹೋಗಿ ಕೇಳ್ಲಿ?”

“ಅದಕ್ಕಂತನ ಒಂದು ದಿನ ಇಟ್ಟಾನಲ್ರಿ.”

ಆಕೆ ಕೈಯಲ್ಲಿದ್ದ ಚಹಾದ ಬಟ್ಟಲನ್ನು ಕೆಳಗಿಟ್ಟಳು. ಆಮೇಲೆ ನಾನು ನಿರೀಕ್ಷಿಸದ ಮಾತೊಂದು ಬಂತು. “ನಾ ಅಂಜಿದ್ನಿರಿ. ನನ್ನ ಕೇಳಲಾರದ ಯಾಕ ಕಳಿಸಿದಿ ಅಂತ ಮಗ ಜಗಳ ತಗೀತಾನಂತ ಅಂಜಿದ್ನಿ. ಅವರಪ್ಪನೂ ಹಂಗ ಇದ್ದ. ನಾ ಆ ಮನಿಯಾಗ ಕೇಳಲಾರದ ಹೊಚ್ಚಲಾ ದಾಟಿದಾಕಿ ಅಲ್ಲ.” ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಅತ್ತಳು.

ಕಲ್ಲು ಕರಗಬೇಕಾದ ಹೊತ್ತು ಅದು. ನನ್ನ ಸಿಟ್ಟು ಇಮ್ಮಡಿಯಾಯಿತು. ಆ ಬೆಳಗ್ಗೆ ಅಕ್ಕನಿಗೂ ಬಾಗಿಲಿಗೆ ಬಂದ ಗಾಡಿಗೂ ನಡುವೆ ನಿಂತಿದ್ದು ಮಗನೊಬ್ಬನ ಬೈಗಳ ಭಯ. ಅದಕ್ಕೆ ಇವರು ಇಷ್ಟು ವರ್ಷ ಅಜಲ್ ಎಂದು, ಶಹೀದ್ ಎಂದು, ಜನ್ನತ್ ಎಂದು ಹೆಸರಿಟ್ಟಿದ್ದರು. ಮಗ ಮಾಫಿ ಕೇಳಲು ಬಂದಿರಲಿಲ್ಲ. ತಾಯಿಯನ್ನು ಕರೆತಂದ ಕಾರಿನಲ್ಲಿ ಅವನೂ ಇದ್ದ, ಹೊರಗೆ ಬೇವಿನ ಮರದ ಕೆಳಗೆ, ಗಾಜು ಏರಿಸಿಕೊಂಡು.

ನಾನು ಹೊರಗೆ ಹೋಗಿ ಗಾಜಿನ ಮೇಲೆ ಬಡಿದೆ. ಇಳಿಸಿದ.

“ಒಳಗ ನಿಮ್ಮವ್ವ ನಿಮ್ಮ ಪಾಲಿಂದೂ ಅಳಾಕತ್ತಾಳ,” ಎಂದೆ. “ಆಕೀಗರೆ ಹಜ್‌ಗೆ ಹೋಗೂ ಮೊದಲು ಕೇಳಬೇಕು ಅನಿಸ್ತು. ನಿಮಗ ಅವತ್ತ ಉಣ್ಣಬೇಕನಿಸಿತ್ತು.”

ಅವನ ಎರಡನೆಯ ಹೆಂಡತಿ ಹಿಂದಿನ ಸೀಟಿನಲ್ಲಿದ್ದಳು. ಚಿಕ್ಕ ವಯಸ್ಸು. ನನ್ನ ಮುಖವನ್ನೂ ಅವನ ಮುಖವನ್ನೂ ನೋಡಿದಳು. ಅಕ್ಕ ಹೇಗೆ ಹೋದಳು ಎಂಬುದು ಅವಳಿಗೆ ಗೊತ್ತಿರಲಿಲ್ಲ ಎಂದು ಆಗ ತಿಳಿಯಿತು. ನಾನು ಅವಳಿಗೆ ನನ್ನ ಫೋನ್ ನಂಬರ್ ಹೇಳಿ, ಬಾಯಿಪಾಠ ಆಗುವವರೆಗೆ ಮತ್ತೆ ಹೇಳಿಸಿ, “ಯಾವಾಗರೆ ಆಗ್ಲಿ, ಗಾಡಿ ಬೇಕಾದ್ರ ಫೋನ್ ಹಚ್ಚು. ತಿರುಗಿ ಹೋಗಲಾರದಂಗ ಗಾಡಿ ಕೂಡ ನಾನೂ ಬರ್ತೇನಿ,” ಎಂದೆ. ಅವನು ಕಾರು ಚಾಲೂ ಮಾಡಿದ. ಅತ್ತೆ ಚಹಾ ಹಾಗೇ ಬಿಟ್ಟು ಬಂದು ಹತ್ತಿದಳು.

ಒಳಗೆ ಅಪ್ಪ ಕೂತಲ್ಲೇ ಕೂತಿದ್ದರು. ಎಷ್ಟೋ ವರ್ಷದ ಮೇಲೆ ನಾನೇ ಮಾತಾಡಿಸಿದೆ. “ಈ ಮಾತ ಅವತ್ತ ಅಲ್ಲಿ ಯಾಕ ಆಡ್ಲಿಲ್ಲ?”

“ನಾನೂ ಆಕೀನ ಮಾಫಿ ಕೇಳೂದೈತಿ,” ಎಂದರು ಅಪ್ಪ.

ಅವರ ಕಣ್ಣು ತುಂಬಿತ್ತು. ನಾನು ಸಮಾಧಾನ ಹೇಳಲಿಲ್ಲ. ಅಕ್ಕನ ಪಾಲಿನದನ್ನು ಬಿಡುವ ಹಕ್ಕು ಬೇರೆ ಯಾರಿಗೂ ಇಲ್ಲ ಎಂದು ಅವರೇ ಈಗಷ್ಟೇ ಹೇಳಿದ್ದರು. ಆದರೆ ಅಂದಿನಿಂದ ಮಾತು ಮತ್ತೆ ಶುರುವಾಯಿತು, ಮೊದಲು ಪಲ್ಯದ ಉಪ್ಪಿನ ಬಗ್ಗೆ, ಆಮೇಲೆ ಉಳಿದದ್ದರ ಬಗ್ಗೆ.

ಅತ್ತೆ ಹಜ್‌ನಿಂದ ಬಂದು ಖರ್ಜೂರವನ್ನೂ ಮೆಕ್ಕಾದ ಪವಿತ್ರ ಬಾವಿಯ ಜಮ್‌ಜಮ್ ನೀರನ್ನೂ ಕಳಿಸಿದಳು. ಅಪ್ಪ ನಮಾಜಿನ ದಿಕ್ಕಾದ ಕಿಬ್ಲಾ ಕಡೆ ಮುಖ ಮಾಡಿ ನಿಂತು ಕುಡಿದರು. ನಾನೂ ಕುಡಿದೆ, ಆ ನೀರಿನ ಮೇಲೆ ನನಗೇನೂ ಸಿಟ್ಟಿಲ್ಲ. ಹೋದ ತಿಂಗಳು ತರಗತಿಯಲ್ಲಿದ್ದಾಗ ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು. ಎತ್ತಿದರೆ ಆ ಚಿಕ್ಕ ಹುಡುಗಿ, ಭಾವನ ಎರಡನೆಯ ಹೆಂಡತಿ. ಬಸುರಾಗಿ ಮೂರು ತಿಂಗಳಾಗಿದೆಯಂತೆ. “ಮನ್ಯಾಗ ಇನ್ನೂ ಹೇಳಿಲ್ಲರಿ ಅಕ್ಕಾರ. ಮೊದಲ ನಿಮಗ ಹೇಳ್ಬೇಕನಿಸ್ತು,” ಎಂದಳು.